ಹಗ್ಗದ ಕೊನೆಯವಳು

ನಮ್ಮ ಓಣಿಯವರು ನನ್ನ ಬಗ್ಗೆ ಒಂದೇ ಮಾತು ಹೇಳುತ್ತಿದ್ದರು: "ಅವಳನ್ನ ಬಾಗಿಲಲ್ಲಿ ಕೂರಿಸಿದ್ರೆ ಆ ಮನೆಗೆ ಬೀಗ ಯಾಕೆ?" ಎದುರುಮನೆಯ ದರ್ಜಿಯ ಹೆಂಡತಿ ಅದಕ್ಕೊಂದು ಬಾಲ ಸೇರಿಸುತ್ತಿದ್ದಳು: "ಬೀಗಕ್ಕಾದ್ರೂ ಕೀಲಿ ಇರುತ್ತೆ, ಇವಳಿಗೆ ಅದೂ ಇಲ್ಲ." ನಾನು ಕಿಟಕಿಯ ಹಿಂದೆ ನಿಂತು ಇದನ್ನು ಕೇಳಿಸಿಕೊಂಡು, ಹೊಗಳುತ್ತಿದ್ದಾರೆ ಅಂದುಕೊಂಡು ಉಬ್ಬಿಹೋಗುತ್ತಿದ್ದೆ. ನನ್ನ ಬುದ್ಧಿಯ ಅಳತೆ ನಿಮಗೆ ಇಷ್ಟರಲ್ಲೇ ಸಿಕ್ಕಿರಬೇಕು.

ಇದಕ್ಕೆಲ್ಲ ಕಾರಣ ನಮ್ಮ ಶಾಲೆಯ ಡ್ರಿಲ್ ಮೇಡಂ. ಅವರು ನನ್ನನ್ನು ಮೊದಲು ಓಟಕ್ಕೆ ನಿಲ್ಲಿಸಿದರು. ನಾನು ಗೆರೆ ಮುಟ್ಟುವ ಹೊತ್ತಿಗೆ ಗೆದ್ದವರು ಬಹುಮಾನ ತಗೊಂಡು ಮನೆಗೆ ಹೋಗಿದ್ದರು. ಆಮೇಲೆ ಎತ್ತರ ಜಿಗಿತ. ಓಡಿ ಬಂದವಳು ಕೋಲಿನ ಮೇಲೆ ಹಾರದೆ ಅಡಿಯಿಂದ ನುಸುಳಿದೆ, ಅದೂ ಕೋಲನ್ನು ಬೀಳಿಸಿ. ಮೇಡಂ ಸೊಂಟಕ್ಕೆ ಕೈ ಕೊಟ್ಟು ನನ್ನ ಸುತ್ತ ಒಂದು ಸುತ್ತು ಬಂದರು. ಹಳೆಯ ಅಲಮಾರನ್ನು ಎಲ್ಲಿಡೋದು ಅಂತ ಯೋಚಿಸುವವರ ಹಾಗೆ. ಕೊನೆಗೆ, "ನಿನ್ನನ್ನ ತಳ್ಳೋಕಾಗುತ್ತಾ ನೋಡೋಣ" ಅಂತ ಭುಜ ಹಿಡಿದು ನೂಕಿದರು. ನಾನು ಕದಲಲಿಲ್ಲ. ಭಯಕ್ಕೆ ಕಾಲು ನೆಲಕ್ಕೆ ಅಂಟಿತ್ತು, ಅಷ್ಟೇ. ಅವರು ಅದನ್ನು ಪ್ರತಿಭೆ ಅಂದುಕೊಂಡರು.

ಹೀಗೆ ನಾನು ಹಗ್ಗ ಜಗ್ಗಾಟದ ತಂಡದಲ್ಲಿ ಕೊನೆಯವಳಾದೆ. ಹಗ್ಗದ ತುದಿಯನ್ನು ಕಂಕುಳಡಿ ತಂದು, ಬೆನ್ನ ಮೇಲಿಂದ ಹೆಗಲಿಗೆ ಹಾಕಿಕೊಂಡು, ಹಿಮ್ಮಡಿ ಮಣ್ಣಿಗೆ ಊರಿ ಹಿಂದಕ್ಕೆ ವಾಲುವ ಕೆಲಸ. ಕೊನೆಯವಳಿಗೆ ಪಂದ್ಯ ಕಾಣುವುದಿಲ್ಲ. ಮುಂದಿನವಳ ಬೆನ್ನು, ಮೇಲೆ ಆಕಾಶ, ಕಿವಿಗೆ ಮೇಡಂ ಕೂಗು. ಆ ಕೂಗು ಕೇಳಿದ ತಕ್ಷಣ ಮೈಯೆಲ್ಲ ಬಿಗಿದು ಹಿಂದಕ್ಕೆ ಬೀಳಬೇಕು. ಅಭ್ಯಾಸಕ್ಕೆ ಎದುರಾಳಿ ಸಿಗದಿದ್ದರೆ ಮೈದಾನದ ಮೂಲೆಯ ಮರಕ್ಕೆ ಹಗ್ಗ ಕಟ್ಟಿ ಎಳೆಸುತ್ತಿದ್ದರು. ಆ ಮರ ಒಂದು ದಿನವೂ ಸೋಲಲಿಲ್ಲ. ಅಷ್ಟಾದರೂ ಮೇಡಂ ಪ್ರತಿ ಸಂಜೆ, "ಇನ್ನೊಂದು ಸ್ವಲ್ಪದರಲ್ಲಿ ಇತ್ತು ಕಣ್ರೇ!" ಅನ್ನುತ್ತಿದ್ದರು.

ಫೈನಲ್ಲಿನಲ್ಲಿ ಎದುರು ತಂಡದವರು ಸೋಲುವುದು ಖಾತ್ರಿಯಾದಾಗ ಮಾತಾಡಿಕೊಂಡವರಂತೆ ಒಟ್ಟಿಗೆ ಹಗ್ಗ ಬಿಟ್ಟರು. ನಮ್ಮ ಇಡೀ ತಂಡ ಹಿಂದಕ್ಕೆ ಹಾರಿ ನನ್ನ ಮೇಲೆ ಬಿತ್ತು. ಗೆದ್ದೆವು. ಮುಖ್ಯ ಅತಿಥಿಗಳು ಮೈಕು ಹಿಡಿದು, "ಆಟವು ಮಕ್ಕಳ ವ್ಯಕ್ತಿತ್ವವನ್ನು ರೂಪಿಸುತ್ತದೆ, ಇಂದು ಕಲಿತದ್ದು ಬದುಕಿಡೀ ಕೈಹಿಡಿಯುತ್ತದೆ" ಎಂದು ಭಾಷಣ ಶುರುಮಾಡಿದಾಗ ನಾನಿನ್ನೂ ರಾಶಿಯ ಅಡಿಯಲ್ಲಿದ್ದೆ. ಉಸಿರು ಸಿಗದವಳಿಗೆ ಏನು ಹೇಳಿದರೂ ನಿಜ ಅನಿಸುತ್ತದೆ. ಆ ಮಾತನ್ನು ನಂಬಿಬಿಟ್ಟೆ.

ನಂಬಿದ್ದಕ್ಕೆ ತಕ್ಕ ಹಾಗೆ ನನಗೆ ಸಿಕ್ಕ ಗಂಡ ಮನೆ ಸಾಗಿಸುವವನು. ಒಂದು ಸಣ್ಣ ಲಾರಿ, ಒಂದಿಷ್ಟು ಹಗ್ಗ, ಹಳೆಯ ಕಂಬಳಿಗಳು, ಜೊತೆಗೆ ಮೊಳೆ ಎಂಬ ಅಡ್ಡಹೆಸರಿನ ತೆಳ್ಳಗಿನ ಆಳು. ಊರವರ ಮಂಚ, ಮೇಜು, ಕನ್ನಡಿಗಳನ್ನು ಒಂದು ಮಹಡಿಯಿಂದ ಇಳಿಸಿ ಇನ್ನೊಂದು ಮಹಡಿಗೆ ಏರಿಸುವುದು ಇವರ ಹೊಟ್ಟೆಪಾಡು. ಮೆಟ್ಟಿಲು ಇಕ್ಕಟ್ಟಾದರೆ ಸಾಮಾನನ್ನು ಕಿಟಕಿಯಿಂದ ಹಗ್ಗದಲ್ಲಿ ಇಳಿಸುತ್ತಿದ್ದರು. ಒಮ್ಮೆ ಆಳು ಕಡಿಮೆ ಬಿದ್ದು ನನ್ನನ್ನು ಕರೆದರು. "ಹಗ್ಗ ಹಿಡಿಯೋಕೆ ಬರುತ್ತಾ?" ಅಂತ ನನ್ನನ್ನೇ ಕೇಳಿದರು ನೋಡಿ! ನಾನು ಸೆರಗು ಬಿಗಿದು ಮೇಲೆ ಹೋದೆ.

ಅದೊಂದು ಕನ್ನಡಿಯ ಮೇಜು. ನಾನೂ ಮೊಳೆಯೂ ಕೋಣೆಯೊಳಗೆ ಹಗ್ಗ ಹಿಡಿದಿದ್ದೆವು. ಗಂಡ ಬೀದಿಯಲ್ಲಿ ನಿಂತು, "ಬಿಡು!" ಎಂದು ಕೂಗಿದರು. ಕೂಗು ಕಿವಿಗೆ ಬಿದ್ದದ್ದೇ ತಡ, ನನ್ನ ಹಿಮ್ಮಡಿ ನೆಲಕ್ಕೆ ಊರಿತು, ಬೆನ್ನು ವಾಲಿತು. ಅರ್ಧ ಇಳಿದಿದ್ದ ಮೇಜು ಸರ್ರನೆ ಮೇಲಕ್ಕೆ ಬಂದು ಕಿಟಕಿಯ ಚೌಕಟ್ಟಿಗೆ ಬಡಿಯಿತು. "ಬಿಡು ಅಂದೆ!" ಇನ್ನೂ ಜೋರಾಗಿ ಎಳೆದೆ. ಕನ್ನಡಿ ಚೂರುಚೂರಾಗಿ ಬೀದಿಗೆ ಸುರಿಯಿತು.

"ಮಹಾರಾಯ್ತಿ! ನಾವು ಮನೆ ಖಾಲಿ ಮಾಡೋಕೆ ಬಂದಿರೋದು, ಕಪ್ ಗೆಲ್ಲೋಕಲ್ಲ!"

"ನೀವು ಕೂಗಿದ್ರಲ್ಲ?" ಅಂದೆ.

"ಬಿಡು ಅಂತ ಕೂಗಿದೆ ಕಣೇ!"

"ಏನು ಕೂಗಿದ್ರಿ ಅಂತ ಯಾರು ಕೇಳ್ತಾರೆ? ಕೂಗಿದ್ರಿ, ಎಳೆದೆ."

ಬೇರೆ ಯಾರಾದರೂ ಆಗಿದ್ದರೆ ನನ್ನನ್ನು ಮನೆಗೆ ಕಳಿಸುತ್ತಿದ್ದರು. ಇವರು ತಲೆ ಕೆರೆದುಕೊಂಡು, ಅಂದಿನಿಂದ ಕೂಗುವುದನ್ನೇ ಬಿಟ್ಟರು. ಕೈಯಲ್ಲೊಂದು ಸ್ಪ್ಯಾನರ್ ಹಿಡಿದು ಲಾರಿಯ ತಗಡಿಗೆ ಕುಟ್ಟುವರು. ಒಂದು ಕುಟ್ಟಿದರೆ ಒಂದು ಗೇಣು ಹಗ್ಗ ಸಡಿಲಿಸಬೇಕು. ಕುಟ್ಟು ನಿಂತರೆ ನಾನೂ ನಿಲ್ಲಬೇಕು. ಟಕ್, ಒಂದು ಗೇಣು. ಟಕ್, ಇನ್ನೊಂದು. ಶಾಲೆ ಕಲಿಸಿದ್ದು ಎಳೆಯುವುದನ್ನು ಮಾತ್ರ, ಬಿಡುವುದನ್ನು ನಾನು ಕಲಿತದ್ದು ಈ ತಗಡಿನ ಸದ್ದಿನಿಂದ. ಲಾರಿಯ ಎಡಪಕ್ಕ ನೆಗ್ಗಿಹೋಯಿತು, ಊರಿನ ಕನ್ನಡಿಗಳು ಉಳಿದವು.

ಆದರೆ ಬಿಡುವ ಕಲೆ ಕೆಲಸದ ಹೊತ್ತಿಗೆ ಮಾತ್ರ. ಮನೆಗೆ ಬಂದರೆ ನಾನು ಮತ್ತೆ ಫೈನಲ್ಲಿನಲ್ಲಿರುತ್ತಿದ್ದೆ, ಎದುರಿಗೆ ನಮ್ಮತ್ತೆ. ಕಡ್ಡಿಯಂಥ ಹೆಂಗಸು, ಆದರೆ ಆ ಶಾಲೆಯ ಮರಕ್ಕೂ ಇವರಿಗೂ ಏನೋ ನೆಂಟಸ್ತಿಕೆ ಇರಬೇಕು. ಅವರು ಕಿಟಕಿ ತೆರೆದರೆ ನಾನು ಮುಚ್ಚುತ್ತಿದ್ದೆ. ಒಮ್ಮೆ ಒಗೆದ ಹೊದಿಕೆ ಮಡಿಸಲು ಇಬ್ಬರೂ ಒಂದೊಂದು ತುದಿ ಹಿಡಿದೆವು. "ಸ್ವಲ್ಪ ನಿನ್ನ ಕಡೆಗೆ ಬಿಗಿಯಾಗಿ ಹಿಡಿಯೇ" ಅಂದರು. ಹಿಡಿದೆ. ಅವರೂ ಹಿಡಿದರು. ಹೊದಿಕೆ ನಡುಮಧ್ಯ ಪರ್ರನೆ ಹರಿಯಿತು. ಗಂಡ ಆ ಎರಡು ತುಂಡನ್ನೂ ಲಾರಿಗೆ ಒಯ್ದು ಸಾಮಾನಿಗೆ ಸುತ್ತಲು ಇಟ್ಟುಕೊಂಡರು.

ಅತ್ತೆಗೆ ಕಾಲು ನೋವು ಬಂದ ಮೇಲೆ ಕೋಲು ಬಂತು. ನೀರು ಬೇಕೆಂದರೆ ನೆಲಕ್ಕೆ ಕುಟ್ಟುವರು, ಚಹಾ ಬೇಕೆಂದರೆ ಕುಟ್ಟುವರು. ಆ ಸದ್ದಿಗೆ ನಾನು ಒಂದೇ ಕರೆಗೆ ಎದ್ದವಳಲ್ಲ. ಎರಡನೆಯ ಸಲ ಕುಟ್ಟಲಿ ಎಂದು ಅಡುಗೆಮನೆಯಲ್ಲಿ ಸುಮ್ಮನೆ ಪಾತ್ರೆ ಒರೆಸುತ್ತ ನಿಲ್ಲುತ್ತಿದ್ದೆ. ಮುಖ್ಯ ಅತಿಥಿಗಳು ಹೇಳಿದ ವ್ಯಕ್ತಿತ್ವ ಎಂದರೆ ಇದೇ ಇರಬೇಕು ಎಂದುಕೊಂಡಿದ್ದೆ.

ಕಳೆದ ಚಳಿಗಾಲದಲ್ಲಿ ಗಂಡ ಹೋಗಿಬಿಟ್ಟರು. ಊರನ್ನೆಲ್ಲ ಹೊತ್ತು ತಿರುಗಿದವರು, ತಾವು ಮಾತ್ರ ಹೊತ್ತವರಿಗೆ ಭಾರವಾಗಲಿಲ್ಲ. ಲಾರಿಯನ್ನು ಮೊಳೆ ಓಡಿಸತೊಡಗಿದ. ಅಷ್ಟರಲ್ಲಿ ಮಹಡಿಯ ಮೇಲಿನ ನಮ್ಮ ಬಾಡಿಗೆ ಮನೆಯ ಮಾಲೀಕರು ಬಂದು, ಕಟ್ಟಡ ಒಡೆದು ಅಂಗಡಿ ಕಟ್ಟುವುದಾಗಿ ಹೇಳಿದರು. ಓಣಿಯ ಆ ತುದಿಯಲ್ಲಿ ನೆಲಮಹಡಿಯಲ್ಲಿ ಎರಡು ಕೋಣೆ ನೋಡಿಕೊಂಡೆವು. ಎಲ್ಲ ಸಾಗಿಸಿಯೂ ಆಯಿತು. ಉಳಿದದ್ದು ಮರದ ಬೀರು.

ಆ ಬೀರುವಿನ ಕಥೆ ಓಣಿಗೆಲ್ಲ ಗೊತ್ತು. ನಮ್ಮ ಮಾವ ಬಡಗಿ. ಮದುವೆಯಾದ ಹೊಸದರಲ್ಲಿ ಅತ್ತೆಗಾಗಿ ಇದೇ ಕೋಣೆಯಲ್ಲಿ ಕೂತು ಆ ಬೀರು ಮಾಡಿದ್ದರು. ಒಂದು ಮೊಳೆಯಿಲ್ಲ, ತಿರುಪಿಲ್ಲ, ಎಲ್ಲ ಕೊರೆದು ಕೂಡಿಸಿ ಅಂಟು ಹಾಕಿದ್ದು. ಬಾಗಿಲಿಗೆ ಹೂವಿನ ಬಳ್ಳಿ ಕೆತ್ತಿದ್ದರು. ಎಲ್ಲ ಅಳತೆಯನ್ನೂ ತೆಗೆದಿದ್ದರು, ಕೋಣೆಯ ಬಾಗಿಲಿನದನ್ನು ಬಿಟ್ಟು. ಮುಗಿದ ದಿನವೇ ತಿಳಿಯಿತು, ಬೀರು ಬಾಗಿಲಿಗಿಂತ ದೊಡ್ಡದು. ಊರವರ ಮನೆ ಸಾಗಿಸುವ ನಾವು ನಮ್ಮದೇ ಬೀರು ಹೊರಗೆ ತೆಗೆಯಲಾಗದೆ ಓಣಿಯಲ್ಲಿ ನಗೆಪಾಟಲಾಗಿದ್ದೆವು.

"ಕೊಯ್ದು ತೆಗೆಯೋಣ ಅಮ್ಮ" ಎಂದ ಮೊಳೆ.

"ಮೊದಲು ನನ್ನನ್ನ ಕೊಯ್ಯಿ" ಅಂದರು ಅತ್ತೆ, ಬೀರುವಿನ ಮುಂದೆ ಕುರ್ಚಿ ಹಾಕಿಕೊಂಡು. "ಇದು ಇಡಿಯಾಗಿ ಬಂದ್ರೆ ನಾನು ಬರ್ತೀನಿ. ಇಲ್ಲಾಂದ್ರೆ ಮಾಲೀಕ್ರಿಗೆ ಹೇಳಿ, ನನ್ನ ಸಮೇತ ಒಡೀಲಿ."

ಹೇಳಿದ್ದನ್ನು ಮಾಡುವ ಪೈಕಿ ಅವರು. ಮರುದಿನ ಬೆಳಿಗ್ಗೆ ಒಡೆಯುವವರು ಬರುವುದಿತ್ತು.

ಮಾಲೀಕರ ಒಪ್ಪಿಗೆ ಪಡೆದು ಕಿಟಕಿಯ ಚೌಕಟ್ಟು ಕಿತ್ತೆವು, ಅಡಿಯ ಗೋಡೆಯನ್ನೂ ಒಂದಿಷ್ಟು ಒಡೆದೆವು. ಬೀರುವಿಗೆ ಆ ಹರಿದ ಹೊದಿಕೆಯ ಎರಡೂ ತುಂಡು ಸುತ್ತಿದೆ. ಅದು ಇಳಿಯುವುದನ್ನು ಕಣ್ಣಾರೆ ನೋಡಬೇಕೆಂದ ಅತ್ತೆಯನ್ನು ಮೊದಲೇ ಕೆಳಗಿಳಿಸಿ ಲಾರಿಯ ಮುಂದಿನ ಸೀಟಿನಲ್ಲಿ ಕೂರಿಸಿದ್ದೆವು. ಹಗ್ಗವನ್ನು ಕೋಣೆಯ ಕಂಬಕ್ಕೆ ಸುತ್ತು ಹಾಕಿ, ಕೊನೆಯನ್ನು ಕಂಕುಳಡಿ ತಂದು ಹೆಗಲಿಗೆ ಹಾಕಿಕೊಂಡು, ಹಿಂಗೋಡೆಗೆ ಬೆನ್ನು ಕೊಟ್ಟು, ಹಿಮ್ಮಡಿಯನ್ನು ಕಂಬದ ಬುಡಕ್ಕೆ ಊರಿ ಕೂತೆ. ಮಂಡಿ ಎರಡೂ ಬೇಡ ಬೇಡ ಅಂದವು. ಮೊಳೆಯೂ ದರ್ಜಿಯೂ ಬೀರುವನ್ನು ಹಲಗೆಯ ಮೇಲೆ ಜಾರಿಸಿ ಹೊರಗೆ ನೂಕಿದರು. ಭಾರ ಹೆಗಲಿಗೆ ಬಿತ್ತು. ಕೆಳಗೆ ಹಿಡಿದುಕೊಳ್ಳಲು ಇಬ್ಬರೂ ಮೆಟ್ಟಿಲಿಳಿದು ಓಡಿದರು. ಕೋಣೆಯಲ್ಲಿ ನಾನೊಬ್ಬಳೇ. ನನಗೆ ಕಾಣುತ್ತಿದ್ದದ್ದು ಒಡೆದ ಕಿಟಕಿಯ ಆಕಾಶ.

ಆಗ ನೆನಪಾಯಿತು, ಕೆಳಗೆ ತಗಡು ಕುಟ್ಟುವವರು ಇಲ್ಲ. ಹಗ್ಗ, ಹಲಗೆ, ಕಂಬಳಿ ಎಲ್ಲ ಯೋಚಿಸಿದ್ದ ನನಗೆ ಅದೊಂದು ಹೊಳೆದಿರಲಿಲ್ಲ. ಮಾವನ ಬುದ್ಧಿಯನ್ನು ಆಡಿಕೊಂಡು ನಕ್ಕವಳು ನಾನೇ.

"ಬಿಡಮ್ಮಾ!" ಮೊಳೆ ಕೂಗಿದ. ನನ್ನ ಕೈ ಬಿಗಿಯಿತು.

"ಸಡಿಲಬಿಡಿ!" ದರ್ಜಿ ಕೂಗಿದ. ಇನ್ನೂ ಬಿಗಿಯಿತು.

ಆಮೇಲೆ ಇಡೀ ಓಣಿ. "ಬಿಡಿ! ಬಿಡ್ರೀ!" ಮೈದಾನವೇ ಎದ್ದು ಬಂದ ಹಾಗಿತ್ತು. ಬೀರು ಗಾಳಿಯಲ್ಲಿ ತೂಗಿ ಗೋಡೆಗೆ ಬಡಿಯುವುದು ಕೇಳಿಸುತ್ತಿತ್ತು. ಬಿಡಬೇಕೆಂದು ತಲೆಗೆ ಗೊತ್ತು, ಕೈಗೆ ಗೊತ್ತಿಲ್ಲ. ಹೆಗಲು ಉರಿಯುತ್ತಿತ್ತು. ಇನ್ನು ಸ್ವಲ್ಪ ಹೊತ್ತಾದರೆ ಬಿಡುವುದೂ ಇಲ್ಲ, ಹಿಡಿಯುವುದೂ ಇಲ್ಲ, ನಾನೇ ಹಗ್ಗದ ಹಿಂದೆ ಕಿಟಕಿಯಿಂದ ಹೋಗುವುದು.

ಅಷ್ಟರಲ್ಲಿ ಅತ್ತೆಯ ದನಿ: "ಬಾಯಿ ಮುಚ್ರೋ ಎಲ್ಲಾ! ಇನ್ನೊಬ್ಬ ಕೂಗಿದ್ರೆ ಕೋಲಲ್ಲಿ ಬಾರಿಸ್ತೀನಿ!"

ಓಣಿ ಗಪ್‌ಚಿಪ್.

ಟಕ್.

ಲಾರಿಯ ತಗಡು. ಅದೇ ನೆಗ್ಗಿದ ಜಾಗ, ಸದ್ದಿನಲ್ಲೇ ಗುರುತು ಸಿಕ್ಕಿತು. ಕುಟ್ಟಿದ್ದು ಮಾತ್ರ ಸ್ಪ್ಯಾನರ್ ಅಲ್ಲ, ಕೋಲು. ಎರಡನೆಯ ಸಲ ಕುಟ್ಟಲಿ ಎಂದು ಜನ್ಮವಿಡೀ ಕಾಯಿಸಿದ ಅದೇ ಕೋಲು. ನನ್ನ ಕೈ, ನನ್ನನ್ನು ಕೇಳದೆ, ಒಂದು ಗೇಣು ಸಡಿಲಿಸಿತು.

ಟಕ್. ಇನ್ನೊಂದು ಗೇಣು.

ಆ ಮುದುಕಿ ಇದನ್ನು ಯಾವಾಗ ಕಲಿತರೋ! ಮಗ ಮನೆಗೆ ಬಂದು ಹೇಳಿದ್ದಿರಬೇಕು, ಅಮ್ಮನೂ ಮಗನೂ ಕೂತು ನನ್ನ ಪೆದ್ದುತನಕ್ಕೆ ನಕ್ಕಿದ್ದಿರಬೇಕು. ನಗಲಿ. ಟಕ್, ಗೇಣು. ನಡುವೆ ಒಮ್ಮೆ ಸದ್ದು ನಿಂತಿತು, ನಾನೂ ನಿಂತೆ. ಕೆಳಗೆ ಮೊಳೆ ಏನನ್ನೋ ಸರಿಮಾಡುತ್ತಿದ್ದ. ಮತ್ತೆ ಟಕ್. ನಮ್ಮಿಬ್ಬರ ನಡುವೆ ಇಷ್ಟು ಹೊತ್ತು ಜಗಳವಿಲ್ಲದೆ ಯಾವ ಕೆಲಸವೂ ನಡೆದದ್ದಿಲ್ಲ.

ಇದ್ದಕ್ಕಿದ್ದಂತೆ ಹಗ್ಗ ಹಗುರಾಯಿತು. ಅಭ್ಯಾಸಬಲದಿಂದ ನಾನು ಪಕ್ಕಕ್ಕೆ ಉರುಳಿ ಕಾಲು ಮೇಲೆ ಮಾಡಿಕೊಂಡು ಬಿದ್ದೆ. ಈ ಸಲ ಮೇಲೆ ಬೀಳುವವರು ಯಾರೂ ಇರಲಿಲ್ಲ. ಹಾಗೇ ಮಲಗಿ ಕೋಣೆ ನೋಡಿದೆ. ಬೀರು ನಿಂತಿದ್ದ ಕಡೆ ಗೋಡೆಯ ಬಣ್ಣ ಹೊಸದಾಗಿ ಉಳಿದಿತ್ತು. ಮಾವ ಗೋಡೆಯ ಮೇಲೆ ಪೆನ್ಸಿಲಿನಿಂದ ಹಾಕಿದ್ದ ಅಳತೆಯ ಗೆರೆಗಳೂ ಇದ್ದವು. ಬಹಳ ಅಚ್ಚುಕಟ್ಟಾದ ಗೆರೆಗಳು.

ಬೀದಿಯಿಂದ ದರ್ಜಿಯ ಹೆಂಡತಿ ಕೂಗಿದಳು: "ಏನಮ್ಮಾ, ಇದ್ದೀಯಾ, ಹೋದೆಯಾ?"

"ಅವಳೆಲ್ಲಿ ಹೋಗ್ತಾಳೆ," ಅತ್ತೆಯ ಉತ್ತರ. "ಕಿತ್ತರೂ ಬರದ ಗಿರಾಕಿ. ಬೀರುವಿಗೊಂದು ಗೀರೂ ಆಗಿಲ್ಲ, ನೋಡು ಬಾ."

ಎದ್ದೆ. ಹಗ್ಗವನ್ನು ಮೊಣಕೈಗೆ ಸುತ್ತಿ ಹೆಗಲಿಗೆ ಹಾಕಿಕೊಂಡೆ. ಬಾಗಿಲೆಳೆದು ಚಿಲಕ ಹಾಕಿದೆ, ಗೋಡೆಯೇ ಇಲ್ಲದ ಮನೆಗೆ. ಮೆಟ್ಟಿಲ ತಲೆಯಲ್ಲಿ ನಿಂತಾಗ ಕಾಲು ತಾನಾಗಿ ಹಿಂದು ಮುಂದಾಯಿತು. ಇಷ್ಟು ವರ್ಷ ಸಾಮಾನಿನ ಅಡಿಭಾಗ ಹಿಡಿದು ಊರವರ ಮೆಟ್ಟಿಲುಗಳನ್ನು ಬೆನ್ನು ಮುಂದಾಗಿಯೇ ಇಳಿದವಳು ನಾನು. ಕೈಯಲ್ಲಿ ಏನೂ ಇಲ್ಲದೆ, ಮುಚ್ಚಿದ ಬಾಗಿಲನ್ನೇ ನೋಡುತ್ತ, ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿದೆ.

ಕೆಳಗೆ ಲಾರಿಯ ಮುಂದಿನ ಸೀಟಿನಿಂದ ಟಕ್ ಎಂದು ಸದ್ದು ಬಂತು.

ಕೊನೆಯ ಮೆಟ್ಟಿಲ ಮೇಲೆ ನಿಂತೆ. ಸೆರಗು ಕೊಡವಿದೆ, ಕೂದಲು ಸರಿಮಾಡಿಕೊಂಡೆ, ಎರಡನೆಯ ಸಲ ಕುಟ್ಟುವವರೆಗೆ ಕಾದೆ. ಕುಟ್ಟಿದರು.

"ಬಂದೆ ಅತ್ತೆ" ಅಂದು ಹೊರಗೆ ಕಾಲಿಟ್ಟೆ.