ಜಗಲಿಯ ಮೇಲಿನ ದೊಡ್ಡ ಗಾಡಿ ಲೈಸೆನ್ಸು

ನಮ್ಮ ಮನೆಯ ದೇವರ ಜಗಲಿಯ ಮೇಲೆ ಐದು ದೈವಗಳಿವೆ. ನಾಲ್ಕು ಹಿತ್ತಾಳೆಯವು, ಐದನೆಯದು ಪ್ಲಾಸ್ಟಿಕ್ಕಿನದು. ಆ ಐದನೆಯದೇ ನನ್ನ ದೊಡ್ಡ ಗಾಡಿ ಹೊಡೆಯುವ ಲೈಸೆನ್ಸು.

ಟಿಕೋಟಾದಿಂದ ಒಣದ್ರಾಕ್ಷಿ ಹೇರಿಕೊಂಡು ಊರೂರು ತಿರುಗಿದ ಡ್ರೈವರ್ ನಾನು. ವಯಸ್ಸಾಯಿತೆಂದು ಮನೆಮಂದಿಯೆಲ್ಲ ಸೇರಿ ತೀರ್ಮಾನಿಸಿದ ಮೇಲೆ ಲಾರಿ ಮಾರಿದೆ. ಅದರ ಕೀಲಿಕೈ ಕೊಂಡವನ ಕೈಗಿಟ್ಟ ದಿನವೇ ಲೈಸೆನ್ಸನ್ನು ಕಿಸೆಯಿಂದ ತೆಗೆದು ಜಗಲಿಗೆ ಏರಿಸಿದೆ. ಹಿಂದೆ ದಸರೆಯ ಖಂಡೇ ಪೂಜೆಯ ದಿನ ಲಾರಿಗೆ ಸಲ್ಲುತ್ತಿದ್ದ ಮರ್ಯಾದೆಯೆಲ್ಲ ಅಂದಿನಿಂದ ಅದಕ್ಕೇ ಸಂದಿತು: ಅರಿಷಿಣ, ಕುಂಕುಮ, ಒಂದು ಚೆಂಡುಹೂವು. ನನ್ನ ಹೆಂಡತಿ ಪೂಜೆಯಲ್ಲಿ ಕೈಬಿಗಿ ಹಿಡಿದವಳಲ್ಲ. ನಾಲ್ಕು ದಸರೆ ದಾಟುವಷ್ಟರಲ್ಲಿ ಲೈಸೆನ್ಸಿನ ಮೇಲೆ ನನ್ನ ಎಡಗಿವಿ ಬಿಟ್ಟರೆ ಬೇರೇನೂ ಕಾಣದಂತಾಗಿತ್ತು.

ಹೀಗೆ ಪೂಜ್ಯ ಸ್ಥಿತಿಯಲ್ಲಿದ್ದ ಲೈಸೆನ್ಸು ಕೆಳಗಿಳಿದದ್ದು ಮೊಮ್ಮಗಳ ಮದುವೆಯಿಂದ. ವಿಜಯಪುರದ ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ, ಮಗನ ಹಿರಿ ಮಗಳು. ಗಂಡು ಬಬಲೇಶ್ವರದವನು, ಮದುವೆಯೂ ಅಲ್ಲಿಯೇ. ನನ್ನ ಮಗ ಮದುವೆಗೆ, ಯಾತ್ರೆಗೆ ಬಾಡಿಗೆ ಹೋಗುವ ಒಂದು ಬಸ್ಸು ಇಟ್ಟಿದ್ದಾನೆ. ನಿಬ್ಬಣ ಅದರಲ್ಲಿ ಹೋಗುವುದೆಂದು ಆಯಿತು. ರಾತ್ರಿ ಊಟಕ್ಕೆ ಕುಳಿತಾಗ ಮೊಮ್ಮಗಳು ರೊಟ್ಟಿ ಮುರಿಯುತ್ತ, ಉಪ್ಪು ಕೇಳಿದಷ್ಟು ಸಲೀಸಾಗಿ ಹೇಳಿದಳು:

"ಮುತ್ಯಾ, ನನ್ನ ನಿಬ್ಬಣದ ಗಾಡಿ ನೀನ ಹೊಡೀಬೇಕು ನೋಡು."

ನಮ್ಮ ಮನೆತನದ ಹೆಣ್ಣುಮಕ್ಕಳು ಗಂಡನ ಮನೆಗೆ ಹೋಗಿರುವುದು ನಾನು ಹೊಡೆದ ಗಾಡಿಯಲ್ಲಿಯೇ. ತಂಗಿಯರು, ಅಣ್ಣನ ಮಕ್ಕಳು, ನನ್ನ ಮಗಳು, ಎಲ್ಲರೂ. ಇದುವರೆಗೆ ಯಾರ ಸಂಸಾರವೂ ಕೆಟ್ಟಿಲ್ಲ. ಇದರಲ್ಲಿ ನನ್ನ ಗೇರುಗಳ ಪಾತ್ರವೆಷ್ಟು ಎಂಬುದನ್ನು ವಿನಯದ ಕಾರಣದಿಂದ ಇಲ್ಲಿ ಚರ್ಚಿಸುವುದಿಲ್ಲ.

ಮಗ ಮಾತ್ರ ಬಾಯಲ್ಲಿನ ತುತ್ತನ್ನು ಅಗಿಯುವುದು ನಿಲ್ಲಿಸಿದ. "ಅಪ್ಪಾ, ಡ್ರೈವರ್ ಅದಾನಲ್ಲ. ನೀ ಮುಂದಿನ ಸೀಟಿನ್ಯಾಗ ಕುಂತು ಹಾದಿ ತೋರಸು, ಸಾಕು."

"ಟಿಕೋಟಾದಿಂದ ಬಬಲೇಶ್ವರಕ್ಕ ಹಾದಿ ತೋರಸೂದಕ್ಕ ನಾ ಯಾಕ ಬೇಕೋ? ರಸ್ತೆ ತಾನ ಒಯ್ತೈತಿ," ಎಂದೆ.

"ಲೈಸೆನ್ಸ್ ಐತೇನು?"

ನಾನು ಜಗಲಿಯ ಕಡೆಗೆ ಕೈ ತೋರಿಸಿದೆ. ಅವನು ಎದ್ದು ಹೋಗಿ, ನಮಸ್ಕಾರ ಮಾಡಿ, ಅದನ್ನು ತಂದು ಹಸಿ ಅರಿವೆಯಿಂದ ತಿಕ್ಕತೊಡಗಿದ. ಮೊದಲು ಅರಿಷಿಣ ಹೋಯಿತು, ಆಮೇಲೆ ಕುಂಕುಮ. ನನ್ನ ಬಲಗಿವಿ ಬಂತು, ಮೀಸೆ ಬಂತು, ಕೊನೆಗೆ ದೊಡ್ಡ ಗಾಡಿಯ ಗಡುವಿನ ತಾರೀಖು ಬಂತು. ಅದು ಮುಗಿದು ಎರಡು ವರ್ಷವಾಗಿತ್ತು. ಅಂದರೆ ಹಿಂದಿನ ಎರಡು ದಸರೆಗಳಲ್ಲಿ ನಾವು ಭಕ್ತಿಯಿಂದ ಪೂಜಿಸಿದ್ದು ತೀರಿಹೋದ ಲೈಸೆನ್ಸನ್ನು.

"ದೇವರ ಜಗಲಿ ಮ್ಯಾಲ ಇಟ್ಟದ್ದು ಹ್ಯಾಂಗ ತೀರತೈತಿ?" ಎಂದಳು ಹೆಂಡತಿ. ಸಾರಿಗೆ ಕಾಯ್ದೆಯ ಮೇಲೆ ಆಕೆಗೆ ನಂಬಿಕೆ ಹೋದದ್ದು ಆ ಕ್ಷಣದಲ್ಲಿ.

ವರ್ಷದೊಳಗೆ ಎಚ್ಚರಾಗಿದ್ದರೆ ಡಾಕ್ಟರರ ಚೀಟಿಯಲ್ಲಿ ಮುಗಿಯುತ್ತಿತ್ತಂತೆ. ವರ್ಷ ದಾಟಿದ್ದರಿಂದ ಈಗ ಚೀಟಿಯೂ ಬೇಕು, ಹೊಸ ಹುಡುಗರ ಹಾಗೆ ಗಾಡಿ ಹೊಡೆದೂ ತೋರಿಸಬೇಕು. ಮದುವೆಗೆ ಒಂದೂವರೆ ತಿಂಗಳು ಉಳಿದಿತ್ತು. ಮಗ ತನ್ನ ತೀರ್ಪು ಕೊಟ್ಟ: "ಮದುವಿಗಿಂತ ಮೊದಲ ಲೈಸೆನ್ಸ್ ಕೈಗೆ ಬಂದ್ರ ನೀ ಹೊಡಿ. ಬರಲಿಲ್ಲಂದ್ರ ಡ್ರೈವರ್ ಹೊಡೀತಾನ. ಆಮ್ಯಾಲ ಮಾರಿ ಉಬ್ಬಿಸಿಕೊಂಡು ಕುಂಡ್ರಬ್ಯಾಡ." ನಾನು ಒಪ್ಪಿದೆ. ಒಳಗೆ ಎದೆ ಮಾತ್ರ ಡೀಸೆಲ್ ಎಂಜಿನ್ನಿನ ಹಾಗೆ ಗುಡುಗುಡು ಎನ್ನತೊಡಗಿತ್ತು. ಇಷ್ಟು ಹುರುಪು ನನಗೆ ನನ್ನ ಸ್ವಂತ ಮದುವೆಯಲ್ಲಿಯೂ ಇರಲಿಲ್ಲ. ಇದನ್ನು ಹೆಂಡತಿಗೆ ಹೇಳಿದೆ. ಆಕೆ ಅಂದು ಸಂಜೆ ಚಹಾಕ್ಕೆ ಸಕ್ಕರೆ ಹಾಕಲಿಲ್ಲ.

ಮರುದಿನದಿಂದಲೇ ತಾಲೀಮು. ಲೈಸೆನ್ಸಿಲ್ಲದೆ ರಸ್ತೆಗಿಳಿಯುವುದು ನನ್ನ ಧರ್ಮಕ್ಕೆ ಸಲ್ಲದು. ಆದ್ದರಿಂದ ಸಂಜೆ ಬಸ್ಸು ಬಾಡಿಗೆ ಮುಗಿಸಿ ಮನೆಯ ಮುಂದೆ ನಿಂತ ಮೇಲೆ ಡ್ರೈವರನ ಸೀಟಿನಲ್ಲಿ ಕುಳಿತು, ಎಂಜಿನ್ ಹಚ್ಚದೆ, ಗೇರು ಹಾಕುತ್ತ, ಕ್ಲಚ್ಚು ತುಳಿಯುತ್ತ, ಮನಸ್ಸಿನಲ್ಲಿಯೇ ಬಬಲೇಶ್ವರಕ್ಕೆ ಹೋಗಿ ಬರುತ್ತಿದ್ದೆ. ಎದುರು ಮನೆಯ ಹಿರಿಯರು ಕಟ್ಟೆಯ ಮೇಲೆ ಕುಳಿತು ಗಂಭೀರವಾಗಿ ವಿಚಾರಿಸುತ್ತಿದ್ದರು:

"ಏನ್ರಿ, ಇವತ್ತ ಎಲ್ಲೀತನಕ ಆತು?"

"ನಿಡೋಣಿ ಸುತ್ತಿ ಬಂದೆ. ಕಬ್ಬಿನ ಟ್ರ್ಯಾಕ್ಟರ್ ಭಾಳ ಅಡ್ಡ ಬಂದೂರಿ."

"ಸಾವಕಾಶ ಹೋಗ್ರಿ. ವಯಸ್ಸಾಗೇತಿ."

ಡಾಕ್ಟರರ ಚೀಟಿಗೆ ವಿಜಯಪುರಕ್ಕೆ ಹೋದೆವು. ದವಾಖಾನೆ ಸಿದ್ಧೇಶ್ವರ ಗುಡಿಯ ಹತ್ತಿರದ ಓಣಿಯಲ್ಲಿ. ಹೆಂಡತಿ ಮೊದಲು ಗುಡಿಗೆ ಹೋಗಿ, ನನ್ನ ಕಣ್ಣು, ಕಿವಿ, ಕೈಕಾಲುಗಳನ್ನು ಒಂದೊಂದಾಗಿ ದೇವರಿಗೆ ಒಪ್ಪಿಸಿ ಬಂದಳು. ಹೀಗಾಗಿ ಡಾಕ್ಟರರಿಗೆ ಉಳಿದದ್ದು ಸಣ್ಣ ಕೆಲಸ. ಕಣ್ಣಿನ ಪೊರೆ ತೆಗೆಸಿಕೊಂಡಿದ್ದರಿಂದ ಗೋಡೆಯ ಹಲಗೆಯ ಕೆಳಗಿನ ಸಾಲನ್ನೂ ಓದಿದೆ. ಅದರ ಕೆಳಗೆ ಅಚ್ಚುಹಾಕಿದವರ ವಿಳಾಸವಿತ್ತು, ಅದನ್ನೂ ಓದಿದೆ. ಅದು ಬೇಡವೆಂದರು. ಬಣ್ಣಬಣ್ಣದ ಚುಕ್ಕೆಗಳಲ್ಲಿ ಅಡಗಿದ ಅಂಕಿಗಳನ್ನು ಹುಡುಕಿ ಕೊಟ್ಟೆ. ರಕ್ತದೊತ್ತಡದ ಪಟ್ಟಿ ಕಟ್ಟಿದಾಗ ಮಾತ್ರ ಡಾಕ್ಟರರ ಹುಬ್ಬು ಮೇಲೇರಿತು.

"ಯಜಮಾನ್ರ, ಎದಿ ಯಾಕ ಇಷ್ಟ ಜೋರ ಹೊಡಕೊಳ್ಳಾಕತ್ತೈತಿ?"

"ಪರೀಕ್ಷಾ ಹತ್ರ ಬಂದೈತ್ರಿ."

"ಯಾರದು? ಮೊಮ್ಮಗಂದೇನು?"

"ನಂದ್ರಿ."

ಅವರು ನಕ್ಕು, ಸ್ವಲ್ಪ ಹೊತ್ತು ಹೊರಗೆ ಸುಮ್ಮನೆ ಕೂಡ್ರಲು ಹೇಳಿದರು. ಕುಳಿತೆ. ಪಕ್ಕದ ಅಂಗಡಿಯಿಂದ ಮಿರ್ಚಿ ಭಜಿಯ ವಾಸನೆ ಬರುತ್ತಿತ್ತು. ನಾನು ಆ ಕಡೆ ನೋಡಿದೆ, ಹೆಂಡತಿ ನನ್ನ ಕಡೆ ನೋಡಿದಳು. ಒತ್ತಡ ತಾನಾಗಿಯೇ ಇಳಿಯಿತು.

ಕೊನೆಗೆ ಡಾಕ್ಟರರು ಕಿವಿಯ ವಿಷಯ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಆಕೆ, "ಎಲ್ಲಾ ಕೇಳ್ತಾವ್ರಿ ಸಾಹೇಬ್ರ. ಹೆಂಗಸರ ದನಿ ಒಂದ ಸ್ವಲ್ಪ ಕಡಿಮಿ. ಅದನ್ನ ಕಾಗದದಾಗ ಬರೀಬ್ಯಾಡ್ರಿ," ಎಂದಳು. ಅವರು ಬರೆಯಲಿಲ್ಲ. ಸಜ್ಜನರು.

ಪರೀಕ್ಷೆಯ ದಿನ ಮಗ ಬಸ್ಸು ಹೊಡೆದ. ನಾನು ಅವನ ಹಿಂದೆ, ನನ್ನ ಹಿಂದೆ ಬುತ್ತಿಯ ಚೀಲ ಹಿಡಿದ ಹೆಂಡತಿ. ಇಟ್ಟಂಗಿಹಾಳ ಬರುವಷ್ಟರಲ್ಲಿ ಅವನ ಗೇರು ಬದಲಿಸುವ ಕ್ರಮದಲ್ಲಿ ನಾನು ಕಂಡ ದೋಷಗಳು ಬಹಳವಾಗಿದ್ದವು. ಆದರೆ ಅಂದು ಅವನ ಬಸ್ಸು ನನಗೆ ಬೇಕಾಗಿತ್ತು. ಮೌನವೇ ಭೂಷಣವೆಂದು ಸುಮ್ಮನಿದ್ದೆ.

ವಿಜಯಪುರದ ಪರೀಕ್ಷೆಯ ಮೈದಾನದಲ್ಲಿ ಸಾಲು ಹಚ್ಚಿ ನಿಂತವರೆಲ್ಲ ಮೀಸೆ ಚಿಗುರುತ್ತಿದ್ದ ಹುಡುಗರು. ಒಬ್ಬ ಮರ್ಯಾದೆಯಿಂದ ಕೇಳಿದ: "ಕಾಕಾ, ಯಾರನ್ನ ಕರಕೊಂಡು ಬಂದೀರಿ?"

"ನನ್ನನ್ನ," ಎಂದೆ.

ಪರೀಕ್ಷೆ ಮಾಡುವ ಇನ್‌ಸ್ಪೆಕ್ಟರ್ ಒಬ್ಬ ಹೆಣ್ಣುಮಗಳು. ಮೊಮ್ಮಗಳಿಗಿಂತ ಐದಾರು ವರ್ಷ ದೊಡ್ಡವರಿರಬೇಕು. ಮಾತು ಕಡಿಮೆ, ಕಣ್ಣು ಚುರುಕು. ನನ್ನ ಹೆಸರು ಕರೆದಾಗ ನಾನು ಹತ್ತಲಿಲ್ಲ. ಪದ್ಧತಿಯ ಪ್ರಕಾರ ಕಬ್ಬಿಣದ ಸಲಾಕೆ ತೆಗೆದುಕೊಂಡು ಬಸ್ಸಿನ ಸುತ್ತ ಬಂದು, ಪ್ರತಿ ಗಾಲಿಗೂ ಒಂದೊಂದು ಬಾರಿಸಿ, ಗಾಳಿಯ ನಾದ ಕೇಳಿದೆ. ಆಮೇಲೆ ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಂಡೆ, ಸ್ಟೇರಿಂಗಿಗೆ ಕೈಮುಗಿದೆ. ಅವರು ತಾಳ್ಮೆಯಿಂದ ನೋಡಿ ಕೇಳಿದರು:

"ಮುಗೀತೇನ್ರಿ ಪೂಜಾ?"

"ಮಂಗಳಾರತಿ ನೀವು ಮಾಡೂದೈತ್ರಿ."

ನಗಲಿಲ್ಲ. ಆದರೆ ಪೆನ್ನು ಒಮ್ಮೆ ಅಲುಗಿತು.

ಮುಂದಕ್ಕೆ ಹೋಗುವ ಕೆಲಸ ಸುಸೂತ್ರವಾಗಿ ನಡೆಯಿತು. ತಿರುವು, ಏರು, ಏರಿನಲ್ಲಿ ನಿಲ್ಲಿಸಿ ಹಿಂದೆ ಜಾರದೆ ಎತ್ತುವುದು, ಎಲ್ಲ. ತಿರುಗುವಾಗ ದೀಪ ಹಾಕುವುದರ ಜೊತೆಗೆ ಕಿಟಕಿಯಿಂದ ಕೈ ಚಾಚಿಯೂ ತೋರಿಸಿದೆ. ಸಾಲಿನಲ್ಲಿದ್ದ ಹುಡುಗನೊಬ್ಬ ನಾನು ಅವನನ್ನೇ ಕರೆದೆನೆಂದು ತಿಳಿದು ಓಡಿಬಂದ. ನನಗೆ ಮಾತ್ರ ಇಪ್ಪತ್ತು ವರ್ಷ ಇಳಿದಂತಾಗಿತ್ತು. ಕಾಲ ಕೆಳಗೆ ಬಸ್ಸು ನಡುಗುತ್ತಿತ್ತೋ, ಬಸ್ಸಿನ ಮೇಲೆ ನಾನು ನಡುಗುತ್ತಿದ್ದೆನೋ, ಹೇಳುವುದು ಕಷ್ಟ.

"ಚಲೋ ಆತು. ಈಗ ಆ ಕಂಬಗಳ ನಡುವ ಹಿಂದ ತಗೀರಿ," ಎಂದರು.

ನಾನು ರಿವರ್ಸ್ ಗೇರು ಹಾಕಿ ಕಾಯುತ್ತ ಕುಳಿತೆ. ಅವರೂ ಕಾಯುತ್ತ ಕುಳಿತರು.

"ಯಾಕ ನಿಂತ್ರಿ?"

"ಕ್ಲೀನರ್ ಇಲ್ರಿ ಮೇಡಂ."

ಕೆಲಸ ಕಲಿಸಿದ ಉಸ್ತಾದರು ನನ್ನ ತಲೆಗೆ ಎರಡು ಬಿಟ್ಟು ಹೇಳಿದ ಮಾತಿದೆ: ಮುಂದೆ ಹೋಗುವುದು ಡ್ರೈವರನೊಬ್ಬನ ಕೆಲಸ, ಹಿಂದೆ ಹೋಗುವುದು ಇಬ್ಬರದು. ಕ್ಲೀನರ್ ಹಿಂದೆ ನಿಂತು ಗಾಡಿಯ ಮೈ ತಟ್ಟಿ "ಬರ್ಲಿ, ಬರ್ಲಿ" ಎನ್ನದೆ ನಾನು ಒಂದು ಗೇಣೂ ಹಿಂದೆ ಸರಿದವನಲ್ಲ. ಇಡೀ ಆಯುಷ್ಯ ಪಾಲಿಸಿದ ಈ ನೇಮ ಪರೀಕ್ಷೆಯಲ್ಲಿ ಅಡ್ಡ ಬರುತ್ತದೆಂಬ ವಿಚಾರವೇ ನನಗೆ ಬಂದಿರಲಿಲ್ಲ. ಮನಸ್ಸಿನಲ್ಲಿ ಅಷ್ಟು ಸಲ ಬಬಲೇಶ್ವರಕ್ಕೆ ಹೋಗಿ ಬಂದಿದ್ದೆ. ಒಮ್ಮೆಯೂ ಹಿಂದಕ್ಕೆ ತೆಗೆದಿರಲಿಲ್ಲ.

"ಕನ್ನಡಿ ಅದಾವಲ್ಲ?" ಎಂದರು ಇನ್‌ಸ್ಪೆಕ್ಟರ್.

"ಕನ್ನಡ್ಯಾಗ ಬಾಜೂಕಿನದು ಕಾಣತೈತ್ರಿ. ಗಾಡಿ ಬೆನ್ನಿಗೆ ಹತ್ತಿ ಮಲಗಿದ್ದು ಕಾಣೂದಿಲ್ರಿ."

ಅವರು ಗಡಿಯಾರ ನೋಡಿದರು, ಹೊರಗಿನ ಸಾಲು ನೋಡಿದರು. ಕೆಳಗೆ ನಿಂತಿದ್ದ ಮಗ ಹಣೆ ಚಚ್ಚಿಕೊಳ್ಳುತ್ತಿದ್ದ. ಮೊಮ್ಮಗಳ ನಿಬ್ಬಣ ನನ್ನ ಕೈಯಿಂದ ಹೊರಟು ನಿಂತದ್ದು ನನ್ನ ಕಣ್ಣಿಗೆ ಕಂಡಿತು.

ಅಷ್ಟರಲ್ಲಿ ಬಸ್ಸಿನ ಹಿಂಭಾಗಕ್ಕೆ ಢಣ್ ಢಣ್ ಎಂದು ಅಂಗೈ ಬಿತ್ತು. ಬಳೆಯ ಸದ್ದೂ ಅದರ ಜೊತೆಗೆ.

"ಬರ್ಲಿ! ಬರ್ಲಿ! ಬರ್‌ಬರ್‌ಬರ್ಲಿ!"

ಹೆಂಡತಿ. ಬುತ್ತಿಯ ಚೀಲ ಮಗನ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿಕೊಂಡು ಬಸ್ಸಿನ ಹಿಂದೆ ನಿಂತಿದ್ದಳು. ಕ್ಲೀನರ್ ರಜೆ ಹಾಕಿದ ದಿನಗಳಲ್ಲಿ ಲಾರಿಯನ್ನು ನಮ್ಮ ಓಣಿಯೊಳಗೆ ತೆಗೆಸಿಕೊಂಡವಳು ಆಕೆಯೇ. ನನ್ನ ಕಾಲು ನನ್ನನ್ನು ಕೇಳದೆಯೇ ಕ್ಲಚ್ಚು ಬಿಟ್ಟಿತು. ಬಸ್ಸು ಹಿಂದೆ ಸರಿಯಿತು.

"ಎಡಕ್ಕ ಹೊಡೀರಿ! ಇನ್ನಾ ಎಡಕ್ಕ!"

"ಆಯೀ, ಎಡಾ ಬಲಾ ಹೇಳಿಕೊಡಂಗಿಲ್ಲ!" ಇನ್‌ಸ್ಪೆಕ್ಟರ್ ಕಿಟಕಿಯಿಂದ ಕೂಗಿದರು.

"ಹೇಳಲಿಲ್ಲಂದ್ರ ಅವರು ಕಂಬಕ್ಕ ಬಡೀತಾರವ್ವಾ!"

ಮರುಗಳಿಗೆಗೆ ಎರಡು ಜೋರಾದ ಪೆಟ್ಟು. "ಹೋಲ್ಡಾ!" ನಾನು ಬ್ರೇಕು ತುಳಿದೆ. ಎಲ್ಲರೂ ಇಳಿದು ನೋಡಿದೆವು. ಬಸ್ಸಿನ ನೆರಳು ತನ್ನ ಕಡೆಗೆ ಬರುತ್ತಿರುವುದನ್ನು ಸ್ವಾಗತಿಸುವಂತೆ ಒಂದು ಕೆಂಪು ನಾಯಿ ಕಾಲು ಚಾಚಿ ಮಲಗಿತ್ತು. ಅದಕ್ಕೆ ಸರಕಾರದ ಕೆಲಸದ ಅವಸರ ತಿಳಿಯದು. ಹುಡುಗರು "ಹಚಾ ಹಚಾ" ಎಂದರು, ಅದು ಮಗ್ಗುಲು ಬದಲಿಸಿತು. ಕಡೆಗೆ ಹೆಂಡತಿ ಬುತ್ತಿಯಿಂದ ನನ್ನ ಪಾಲಿನ ಒಂದು ರೊಟ್ಟಿ ತೆಗೆದು ದೂರ ಎಸೆದ ಮೇಲೆ ಅದು ಎದ್ದು ಹೋಯಿತು.

ಇನ್‌ಸ್ಪೆಕ್ಟರ್ ಹತ್ತಿ ಕುಳಿತು ಹೇಳಿದರು: "ನಾಯಿ ಉಳಿಸಿದ್ದು ಚಲೋನ ಆತು. ಆದ್ರ ಪರೀಕ್ಷಾ ಆಯೀದಲ್ಲ, ನಿಮ್ದು. ಇನ್ನೊಮ್ಮೆ ತಗೀರಿ. ಆಯಿ ಹಿಂದ ನಿಂತಿರ್ಲಿ, ಯಾರರೆ ಬಂದ್ರ ಬಡೀಲಿ. ಇಲ್ಲಂದ್ರ ಸುಮ್ಮ ನಿಂದ್ರಬೇಕು. ಒಂದ ಮಾತಾಡಿದ್ರೂ ಫೇಲ್."

ಕಠಿಣ ಪರೀಕ್ಷೆಯೇ. ನನಗಲ್ಲ, ಆಕೆಗೆ.

ರಿವರ್ಸ್ ಹಾಕಿದೆ. ಗಾಡಿಯ ಹಿಂದೆ ಸದ್ದಿಲ್ಲ. ಅಂಥ ಮೌನ ನಮ್ಮ ಸಂಸಾರದಲ್ಲಿ ನಾನು ಕೇಳಿರಲಿಲ್ಲ. ಬಲಗಡೆಯ ಕನ್ನಡಿಯಲ್ಲಿ ಕಂಬಗಳು ಕಂಡವು, ಅವುಗಳ ಆಚೆ ಹಸಿರು ಸೀರೆಯಲ್ಲಿ ಆಕೆ ಕಂಡಳು. ತುಟಿ ಬಿಗಿಹಿಡಿದಿದ್ದಾಳೆ, ಎತ್ತಿದ ಕೈ ಗಾಳಿಯಲ್ಲಿ ನಿಂತಿದೆ. ನಾನು ಕಂಬ ನೋಡಿದೆ, ಗಾಲಿ ನೋಡಿದೆ, ಗಾಲಿಗೂ ಕಂಬಕ್ಕೂ ನಡುವಿನ ಬಯಲು ನೋಡಿದೆ. ಸಾವಕಾಶ ಬಿಟ್ಟೆ. ನನಗೆ ಇಷ್ಟು ದಿನ ಬರುವುದಿಲ್ಲವೆಂದುಕೊಂಡಿದ್ದ ಕೆಲಸ, ಬಂತು. ಬಸ್ಸು ಎರಡೂ ಕಂಬಗಳ ನಡುವೆ, ಪೆಟ್ಟಿಗೆಯೊಳಗೆ ಬೆಂಕಿಕಡ್ಡಿ ಜಾರಿದ ಹಾಗೆ ಹೋಗಿ ನಿಂತಿತು. ಕನ್ನಡಿಯಲ್ಲಿ ಎತ್ತಿದ ಕೈ ನಿಧಾನಕ್ಕೆ ಇಳಿದು ಸೆರಗಿನಿಂದ ಮುಖ ಒರೆಸಿತು.

"ಪಾಸ್," ಎಂದರು ಇನ್‌ಸ್ಪೆಕ್ಟರ್. ಆಗ ನಕ್ಕರು. "ಇಬ್ಬರೂ."

ಊರಿಗೆ ಮರಳುವಾಗ ಹುರುಪಿನಲ್ಲಿ ನಾನು ಮಗನ ಗೇರಿನ ದೋಷಗಳನ್ನೆಲ್ಲ ಒಂದೂ ಬಿಡದೆ ವಿವರಿಸಿದೆ.

ಹೊಸ ಲೈಸೆನ್ಸು ಮಗನ ಫೋನಿನಲ್ಲಿ ಮೊದಲೇ ಬಂತು. ಹೆಂಡತಿ ಅದನ್ನು ನಂಬಲಿಲ್ಲ. ಅರಿಷಿಣ ಹಚ್ಚಿದರೆ ಫೋನು ಕೆಡುತ್ತದೆಂದ ಮೇಲೆ ಅದು ಎಂಥ ಲೈಸೆನ್ಸು? ಮದುವೆಗೆ ಇನ್ನು ನಾಲ್ಕು ದಿನ ಇದೆ ಎನ್ನುವಾಗ ಅಂಚೆಯವನು ಕಾರ್ಡು ತಂದ. ಆಕೆ ಕುಂಕುಮದ ಬಟ್ಟಲು ಹಿಡಿದು ನಿಂತಳು. ಮೊಮ್ಮಗಳು ತಾರೀಖಿನ ಮೇಲೆ ತನ್ನ ಹೆಬ್ಬೆರಳು ಒತ್ತಿ ಹಿಡಿದು, "ಈಗ ಹಚ್ಚು ಆಯಿ," ಎಂದಳು.

ನಿಬ್ಬಣ ಹೊರಟಿತು. ಹಿಂದೆ ಹಾಡು, ಜಗಳ, ಚುರಮುರಿ, ಅಳು, ಎಲ್ಲ ಇದ್ದವು. ನನ್ನ ಕಿವಿಗೆ ಎಂಜಿನ್ನಿನ ಸದ್ದು ಬಿಟ್ಟು ಮತ್ತೇನೂ ಬೀಳಲಿಲ್ಲ. ರಸ್ತೆಯ ಒಂದೊಂದು ತಿರುವೂ ನಾನು ಮನೆಯ ಮುಂದೆ ಕುಳಿತು ಕಂಡಲ್ಲಿಯೇ ಇತ್ತು, ಅಡ್ಡ ಬರುವ ಕಬ್ಬಿನ ಟ್ರ್ಯಾಕ್ಟರೂ ಇತ್ತು. ಬಬಲೇಶ್ವರದಲ್ಲಿ ಮದುವೆಯ ಮಂಟಪ ಒಂದು ಸಣ್ಣ ಸಂದಿಯೊಳಗೆ. ತಿರುಗಿಸಲು ಜಾಗವಿಲ್ಲ, ಬಸ್ಸನ್ನು ಹಿಂದಕ್ಕೇ ತೆಗೆದು ಒಳಗೊಯ್ಯಬೇಕು. ಬೀಗರು ಆರತಿ ಹಿಡಿದು ಸಾಲಾಗಿ ನಿಂತಿದ್ದರು, ವಾಜಂತ್ರಿಯವರು ಊದುತ್ತಿದ್ದರು.

ನಾನು ಕನ್ನಡಿ ನೋಡಿದೆ. ಈಗ ನನಗೆ ಒಬ್ಬನಿಗೇ ಬರುತ್ತದೆ, ಸರಕಾರ ಬರೆದು ಕೊಟ್ಟಿದೆ. ಆದರೂ ರಿವರ್ಸ್ ಹಾಕಿ ಕಾಯುತ್ತ ಕುಳಿತೆ.

ಮದುಮಗಳ ಆಯಿ, ಅಂದರೆ ನನ್ನ ಹೆಂಡತಿ, ಇಳಕಲ್ ಸೀರೆಯುಟ್ಟು ಮೂಗುತಿ ಇಟ್ಟುಕೊಂಡವಳು, ಎಲ್ಲರಿಗಿಂತ ಮೊದಲು ಇಳಿದು ಹಿಂದೆ ಹೋದಳು. ಆರತಿ ಎತ್ತಿಕೊಂಡು ಮುಂದೆ ಬಂದ ಬೀಗಿತಿಗೆ ಒಂದು ಕೈ ಅಡ್ಡ ಹಿಡಿದಳು.

"ತಡೀರಿ ಯವ್ವಾ, ಮೊದಲ ಗಾಡಿ ಬರ್ಲಿ."

ಇನ್ನೊಂದು ಕೈ ಬಸ್ಸಿನ ಬೆನ್ನ ಮೇಲೆ ಢಣ್ಣೆಂದು ಬಿತ್ತು.