ಬಿಚ್ಚಿಕೊಳ್ಳಬೇಕಿದ್ದ ಹೊಲಿಗೆ

ಕಾರಿನ ಸೀಟಿಗೆ ಕವರ್ ಹೊಲಿಯುವ ಆ ಮನುಷ್ಯನಿಗೆ ಗಿರಾಕಿಗಳು ಇಟ್ಟ ಹೆಸರು ಡಬಲ್ ಹೊಲಿಗೆ. ಒಂದು ಸಾಲು ಹಾಕಿದ ಮೇಲೆ ಪಕ್ಕದಲ್ಲೇ ಇನ್ನೊಂದು ಸಾಲು ಓಡಿಸದಿದ್ದರೆ ಅವನಿಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. "ಸೀಟು ಹೋದ್ರೂ ಹೊಲಿಗೆ ಹೋಗಲ್ಲ" ಎಂದು ಎದೆ ತಟ್ಟಿ ಹೇಳುವನು. ಹೇಳಿದ್ದು ಸುಳ್ಳೂ ಅಲ್ಲ. ಗ್ಯಾರೇಜುಗಳ ಬೀದಿಯ ತುದಿಯಲ್ಲಿ ಅವನ ಅಂಗಡಿ. ಒಳಗೆ ಫೋಮಿನ ಚೂರು, ರೆಕ್ಸಿನ್ ಸುರುಳಿ, ಅಂಟಿನ ವಾಸನೆ, ಮೂಲೆಯಲ್ಲಿ ಒಂದು ಭಾರಿ ಹೊಲಿಗೆ ಯಂತ್ರ.

ಕೈ ಒಳ್ಳೆಯದು, ಕೋಪ ಮಾತ್ರ ಮೂಗಿನ ತುದಿಯಲ್ಲೇ. ತನ್ನ ಹೊಲಿಗೆಯಲ್ಲಿ ಹುಳುಕು ಹುಡುಕಿದವರ ಮುಖವನ್ನು ಅವನು ಮತ್ತೆ ನೋಡುತ್ತಿರಲಿಲ್ಲ. ತಾಯಿಯಿಲ್ಲದ ತಂಗಿಯನ್ನು ಸಾಕಿ ಬೆಳೆಸಿದವನು ಅವನೇ, ಅವಳೆಂದರೆ ಜೀವ. ಆದರೂ ಚಿಕ್ಕಂದಿನಲ್ಲಿ ಅವನು ಹೊಲಿದುಕೊಟ್ಟ ಶಾಲೆಯ ಚೀಲದ ಪಟ್ಟಿ ಬಿಗಿಯಾಯಿತೆಂದು ಅವಳು ಬಿಚ್ಚಿದ್ದಕ್ಕೆ ವಾರಗಟ್ಟಲೆ ಮಾತು ಬಿಟ್ಟಿದ್ದ. ಅಡುಗೆ ಮಾಡಿ ತಟ್ಟೆ ಮುಂದಿಡುವನು, ತಲೆ ಬಾಚುವನು, ಮಾತಿಲ್ಲ ಕತೆಯಿಲ್ಲ. ಅಂದಿನಿಂದ ಅವಳು ಅಣ್ಣನ ಹೊಲಿಗೆಯ ತಂಟೆಗೆ ಹೋಗಲಿಲ್ಲ.

ತಂಗಿ ನರ್ಸ್ ಆದಳು, ಮದುವೆಯಾದಳು, ಮಗಳನ್ನು ಹೆತ್ತಳು, ಪಾಳಿಯ ಕೆಲಸಕ್ಕೆ ಓಡಾಡಲು ಒಂದು ಹಳೆಯ ಕಾರು ಕೊಂಡಳು. ಅದಕ್ಕೆ ಕವರ್ ಯಾರು ಹೊಲಿಯಬೇಕೆಂದು ಕೇಳುವ ಹಾಗೇ ಇರಲಿಲ್ಲ. ಹಳದಿ ಹೂವಿನ ಬಟ್ಟೆ ಅವಳೇ ಆರಿಸಿದ್ದು. ಡ್ರೈವರ್ ಸೀಟಿನ ಬೆನ್ನಿಗೆ, ಬಾಗಿಲ ಕಡೆಯ ಅಂಚಿನಲ್ಲಿ ಏರ್‌ಬ್ಯಾಗ್ ಎಂದು ಬರೆದ ಪುಟ್ಟ ಚೀಟಿಯೊಂದು ಹೊರಚಾಚಿತ್ತು. ಅದಿದ್ದರೆ ಕವರ್ ನೀಟಾಗಿ ಕೂರುವುದಿಲ್ಲವೆಂದು ಆ ಬೀದಿಯಲ್ಲಿ ಎಲ್ಲರೂ ಮಾಡುವಂತೆ ಅವನೂ ಕಚಕ್ಕನೆ ಕತ್ತರಿಸಿದ. ಏರ್‌ಬ್ಯಾಗ್ ಇರುವುದು ಸ್ಟೀರಿಂಗಿನೊಳಗೆ ಎಂದಷ್ಟೇ ಅವನು ತಿಳಿದದ್ದು. ಚೀಟಿಯ ಜಾಗದ ಹೊಲಿಗೆಯನ್ನು ಎಳೆದು ನೋಡಿದ, ಸಡಿಲ.

"ನೋಡು ಕಂಪನಿಯವರ ಕೈಕೆಲಸ! ಇಷ್ಟು ದೊಡ್ಡ ಕಾರು ಮಾಡ್ತಾರೆ, ನೆಟ್ಟಗೆ ಒಂದು ಹೊಲಿಗೆ ಹಾಕೋಕೆ ಬರಲ್ಲ" ಎಂದು ನಕ್ಕು, ಆ ಅಂಚಿಗೆ ದಪ್ಪ ನೂಲಿನಲ್ಲಿ ಎರಡು ಸಾಲು ಎಳೆದ. ಮೇಲೆ ಕವರ್ ಬಿಗಿದ. ತಂಗಿ ಕೂತು ನೋಡಿ, "ಅಣ್ಣಾ, ಸಿಂಹಾಸನ ಕಣೋ!" ಎಂದಳು.

ಒಂದು ಬೆಳಿಗ್ಗೆ ಅವಳು ಪಾಳಿ ಮುಗಿಸಿ ಬರುತ್ತಿದ್ದಾಗ, ರಸ್ತೆಗಳು ಕೂಡುವಲ್ಲಿ ವ್ಯಾನೊಂದು ಸಿಗ್ನಲ್ ಲೆಕ್ಕಿಸದೆ ನುಗ್ಗಿ ಅವಳ ಬಾಗಿಲಿಗೇ ಗುದ್ದಿತು. ಬೆಲ್ಟ್ ಹಾಕಿದ್ದಳು, ಮೆಲ್ಲಗೇ ಬರುತ್ತಿದ್ದಳು, ಅವಳದೇನೂ ತಪ್ಪಿರಲಿಲ್ಲ. ಆಗಷ್ಟೇ ಹೊರಟುಬಂದ ಆಸ್ಪತ್ರೆಗೇ ಅವಳನ್ನು ಹೊತ್ತು ತಂದರು. ಮನೆಗೆ ಬರಲಿಲ್ಲ.

ಜಜ್ಜಿದ ಕಾರನ್ನು ಅದೇ ಬೀದಿಯ ಗ್ಯಾರೇಜಿನಲ್ಲಿ ನಿಲ್ಲಿಸಿದ್ದರು. ಅವಳ ಕೊಡೆ, ಮಗುವಿನ ಕ್ಲಿಪ್ಪು ತರಲು ಹೋದವನ ಕಣ್ಣು ಸೀಟಿನ ಮೇಲೆ ಬಿತ್ತು. ಬಾಗಿಲು ಮುದುಡಿತ್ತು, ಗಾಜು ಪುಡಿಯಾಗಿತ್ತು, ಹೊಲಿಗೆಯ ಒಂದೆಳೆಯೂ ಬಿಟ್ಟಿರಲಿಲ್ಲ. ಪಾಪಿ ಮನಸ್ಸು, ಒಂದು ಕ್ಷಣ ಹೆಮ್ಮೆಪಟ್ಟಿತು.

"ಈ ಅಂಚು ಯಾಕೆ ಹೀಗೆ ಉಬ್ಬಿದೆ?" ಎಂದು ಕೇಳಿದ.

ಗ್ಯಾರೇಜಿನ ಮೇಸ್ತ್ರಿ ಹಳೆಯ ಗೆಳೆಯ. ಹೇಳಲೋ ಬೇಡವೋ ಎಂದು ಕೈ ಒರೆಸುತ್ತ ನಿಂತ. "ಇದರೊಳಗೂ ಒಂದು ಏರ್‌ಬ್ಯಾಗ್ ಇರತ್ತೆ ಕಣೋ. ಪಕ್ಕದಿಂದ ಗುದ್ದಿದ ಕೂಡ್ಲೇ ಸೆನ್ಸರ್ ಕಿಡಿ ಹೊತ್ತಿಸತ್ತೆ, ಗ್ಯಾಸ್ ತುಂಬಿ ಚೀಲ ಉಬ್ಬತ್ತೆ, ಹೊಲಿಗೆ ಹರ್ಕೊಂಡು ಬಾಗಿಲಿಗೂ ಪಕ್ಕೆಗೂ ಮಧ್ಯೆ ಬಂದು ನಿಲ್ಲತ್ತೆ. ರೆಪ್ಪೆ ಹೊಡೆಯೋದ್ರೊಳಗೆ ಎಲ್ಲಾ ಮುಗಿದಿರತ್ತೆ. ಅದು ಹರೀಲಿ ಅಂತಲೇ ಇಲ್ಲಿ ಸಡಿಲ ಹೊಲಿದಿರ್ತಾರೆ."

"ಹೊರಗೆ ಬಂದಿದ್ರೆ ಬದುಕ್ತಿದ್ಲಾ?"

"ಅದನ್ನ ಯಾರೂ ಹೇಳಕ್ಕಾಗಲ್ಲ. ಪೆಟ್ಟು ಸಣ್ಣದಲ್ಲ."

ಹೌದು ಎಂದಿದ್ದರೆ ಎದೆಯೊಡೆದು ಸಾಯಬಹುದಿತ್ತು, ಇಲ್ಲ ಎಂದಿದ್ದರೆ ಅತ್ತು ಹಗುರಾಗಬಹುದಿತ್ತು. ಎರಡೂ ಇಲ್ಲದೆ ಅವನು ಅಂಗಡಿಗೆ ಹಿಂತಿರುಗಿದ.

ಆಮೇಲೆ ಅವನು ಹೊಲಿದ ಕವರುಗಳಲ್ಲಿ ಆ ಅಂಚು ಪೂರ್ತಿ ತೆರೆದೇ ಇರುತ್ತಿತ್ತು. ಹಳೆಯ ಗಿರಾಕಿಗಳನ್ನು ಅಡ್ಡಗಟ್ಟಿ ಕರೆದು ತಾನೇ ಕವರ್ ಕಿತ್ತುಹಾಕಿದ. ಸ್ಟೀರಿಂಗಿಗೆ ಎದೆ ಆನಿಸಿ ಕೂರುವವರನ್ನು, "ಹಿಂದೆ ಸರಿದು ಕೂತ್ಕೊಳ್ಳಿ, ಅದು ಉಬ್ಬಿದ್ರೆ ದಿಂಬಲ್ಲ, ಗುದ್ದು" ಎಂದು ಗದರುವನು. ಡ್ಯಾಶ್‌ಬೋರ್ಡಿನ ಮೇಲೆ ಕಾಲು ಚಾಚಿದವರನ್ನೂ, ಮಗುವನ್ನು ಮುಂದಿನ ಸೀಟಿನಲ್ಲಿ ಮಡಿಲಲ್ಲಿಟ್ಟು ಬಂದವರನ್ನೂ ಬಿಡುತ್ತಿರಲಿಲ್ಲ. ಊರಿಗೆಲ್ಲ ಹೇಳಿದ. ಹೇಳಬೇಕಾದವನಿಗೆ, ತಂಗಿಯ ಗಂಡನಿಗೆ, ಹೇಳಲಿಲ್ಲ. ಹೇಳಿದರೆ ಅವನು ಮನೆ ಬಾಗಿಲು ಮುಚ್ಚುತ್ತಾನೆ. ತಂಗಿಯ ಮಗಳೊಬ್ಬಳು ಉಳಿದಿದ್ದಾಳೆ, ಅವಳ ಮುಖವನ್ನೂ ನೋಡುವ ಹಾಗಿರುವುದಿಲ್ಲ. ಅದೊಂದೇ ಭಯ.

ಒಂದು ಭಾನುವಾರ ಅಪ್ಪ ಮಗಳು ಅಂಗಡಿಗೆ ಬಂದರು. ಉಳಿದ ಹಳದಿ ಬಟ್ಟೆ ಮಗುವಿನ ಕಣ್ಣಿಗೆ ಬಿತ್ತು. "ಮಾವ, ಅಪ್ಪನ ಕಾರಿಗೂ ಅಮ್ಮನ ಹೂವು ಹಾಕು."

ಅವನು ಕತ್ತರಿ ಕೆಳಗಿಟ್ಟ. ಇನ್ನು ಮುಚ್ಚಿಡಲು ಆಗಲಿಲ್ಲ. "ಭಾವ, ಅವಳ ಸೀಟು... ನಾನು ಬಿಗಿದುಬಿಟ್ಟೆ. ಚೀಲ ಹೊರಗೆ ಬರಲಿಲ್ಲ" ಎಂದ.

ತಂಗಿಯ ಗಂಡ ಗೋಡೆ ನೋಡುತ್ತ ನಿಂತಿದ್ದ. "ಗೊತ್ತು ಭಾವ."

"ಮೇಸ್ತ್ರಿ ಹೇಳಿದ್ನಾ?"

"ಅವಳೇ ಹೇಳಿದ್ಲು, ಮೊದಲೇ. ಸರ್ವೀಸಿಗೆ ಬಿಟ್ಟಾಗ ಅಲ್ಲಿನವರು 'ಈ ಕವರ್ ತೆಗೆಸಿ, ಅಪಾಯ' ಅಂದಿದ್ರಂತೆ. ತೆಗೆಸೋಣ ಅಂದೆ. 'ಬೇಡ, ಅಣ್ಣ ಮಾತು ಬಿಟ್ಬಿಡ್ತಾನೆ, ಅದನ್ನ ನಾನು ತಡ್ಕೊಳ್ಳಲ್ಲ' ಅಂದ್ಲು. ನಾನೂ ಸುಮ್ನಾದೆ."

ಡಬಲ್ ಹೊಲಿಗೆ ಬಾಯಿ ತೆರೆದ, ಸ್ವರ ಹೊರಡಲಿಲ್ಲ. ಮಗು ಅವನ ಅಂಗಿ ಜಗ್ಗಿತು. "ಮಾವ, ಯಾಕೆ ಮಾತಾಡ್ತಿಲ್ಲ? ನನ್ನ ಮೇಲೆ ಕೋಪಾನಾ?"

"ಇಲ್ಲ ಮಗಳೇ, ಇಲ್ಲ. ಮಾತಾಡ್ತೀನಿ, ನೋಡು, ಮಾತಾಡ್ತಿದ್ದೀನಿ" ಎಂದು ಅವಳನ್ನು ಅಪ್ಪಿಕೊಂಡು ಬಿಕ್ಕಿಬಿಕ್ಕಿ ಅತ್ತ. ಅಳುವಿನ ನಡುವೆಯೂ ಮಾತು ನಿಲ್ಲಿಸಲಿಲ್ಲ.