ಬೆಳ್ಳುಳ್ಳಿ ಬುಟ್ಟಿಯ ತೀರ್ಪು

ಅವರ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದವಾಗಿತ್ತು. ಉಳಿದ ಬೆರಳುಗಳ ಉಗುರನ್ನೆಲ್ಲ ಒಪ್ಪವಾಗಿ ಕತ್ತರಿಸಿಕೊಂಡು, ಅದೊಂದನ್ನು ಬೆಳ್ಳುಳ್ಳಿ ಸುಲಿಯಲೆಂದೇ ಬಿಟ್ಟಿದ್ದರು. ಅದರ ಅಂಚು ಸದಾ ಹಳದಿ. ಸಂಜೆ ಟಿವಿ ಹಚ್ಚಿ, ಕಾಲು ಚಾಚಿ ಕೂತು, ಬಿದಿರಿನ ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡರೆಂದರೆ ಕಣ್ಣು ಪರದೆಯ ಮೇಲೆ, ಉಗುರು ಬೆಳ್ಳುಳ್ಳಿಯ ಮೇಲೆ. ಒಂದು ಎಸಳೂ ತಪ್ಪುತ್ತಿರಲಿಲ್ಲ.

ಮೊಮ್ಮಕ್ಕಳಾದ ನಿಮಗೆ ಅವರ ನೆನಪು ಸ್ವಲ್ಪವೇ ಇರಬೇಕು. ದಾಂಡೇಲಿಯ ಓಣಿಯಲ್ಲಿ ನನ್ನ ಮನೆಯ ಗೋಡೆಗೆ ಗೋಡೆ ಹತ್ತಿಕೊಂಡ ಮನೆಯವರು. ಗಂಡನದು ಸ್ಕೂಟರ್ ರಿಪೇರಿಯ ಗ್ಯಾರೇಜು. ಅಲ್ಲಿ ಕೆಲಸ ಮಾಡುವವರಿಗೂ ಮಧ್ಯಾಹ್ನದ ಊಟ ಇವರ ಮನೆಯದೇ, ಹಾಗಾಗಿ ಅಷ್ಟು ಬೆಳ್ಳುಳ್ಳಿ. ನಾನು ಅವರನ್ನು ಆಪಾ, ಎಂದರೆ ಅಕ್ಕ, ಎನ್ನುತ್ತಿದ್ದೆ; ಅವರು ನನ್ನನ್ನು ವೈನಿ, ಎಂದರೆ ಅತ್ತಿಗೆ, ಎನ್ನುತ್ತಿದ್ದರು. ಟಿವಿ ನೋಡುವಾಗ ನಾನು ಅದರ ಜೊತೆ ಮಾತಾಡುತ್ತೇನೆಂದು ನೀವು ನಗುತ್ತೀರಲ್ಲ, ಕಳೆದ ರಜೆಯಲ್ಲಿ "ಆಯಿ, ಸುಮ್ನ ಕುಂದ್ರ" ಎಂದು ದಿಂಬು ಎಸೆದಿರಲ್ಲ, ಆ ಚಾಳಿ ನನಗೆ ಅವರಿಂದ ಬಂದದ್ದು.

ಮೊದಲು ನಾನು ಹಾಗಿರಲಿಲ್ಲ. ನನ್ನ ತವರೂರು ಚಿಗಳ್ಳಿಯ ಶಾಲೆಯಲ್ಲಿ ಗುರುಗಳು ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿದ್ದರೂ ಕೈ ಎತ್ತಿದವಳಲ್ಲ. ಮದುವೆಯಾಗಿ ದಾಂಡೇಲಿಗೆ ಬಂದೆ; ನಿಮ್ಮ ಅಜ್ಜ ಕಾಗದದ ಗಿರಣಿಯಲ್ಲಿದ್ದರು. ಅವರು ತೀರಿಕೊಂಡಾಗ ನಿಮ್ಮ ತಾಯಿ ಇನ್ನೂ ಶಾಲೆಯಲ್ಲಿ. ಖಾನಾವಳಿಗೆ ರೊಟ್ಟಿ ಬಡಿದು ಕೊಡುವ ಕೆಲಸ ಹಿಡಿದೆ. ಮನೆಯ ಟಿವಿಗೆ ಟವೆಲು ಹೊದಿಸಿದವಳು ತೆಗೆಯಲೇ ಇಲ್ಲ. ರೊಟ್ಟಿಯ ಸಪ್ಪಳ ಬಿಟ್ಟರೆ ನಮ್ಮ ಮನೆಯಿಂದ ಹೊರಗೆ ಬೇರೆ ಸಪ್ಪಳ ಹೋಗುತ್ತಿರಲಿಲ್ಲ.

ಒಂದು ಸಂಜೆ ಆಪಾ ಹಿತ್ತಲ ಗೋಡೆಯ ಮೇಲಿಂದ ಮುಖ ತೋರಿಸಿದರು.

"ವೈನಿ, ಹೊಸಾ ಹಂಗಾಮ ಸುರು ಆಗೇತಿ. ಯಾವ ಸೀರಿಯಲ್ ಯಾವಾಗಂತ ಕೆಳಗ ಬರದಿದ್ದು ಓಡತೈತಿ. ನನಗ ಕನ್ನಡಾ ಓದಾಕ ಬರಂಗಿಲ್ಲ. ಸ್ವಲ್ಪ ಬಂದು ಓದಿ ಹೇಳ್ರಿ."

ನಮ್ಮೂರಲ್ಲಿ ಮುಂಗಾರಿ ಹಂಗಾಮು, ಹಿಂಗಾರಿ ಹಂಗಾಮು ಅನ್ನುತ್ತಾರೆ. ಆಪಾ ಆ ಮಾತನ್ನು ಟಿವಿಗೂ ಹಚ್ಚಿದ್ದರು. ಹಳೆಯ ಧಾರಾವಾಹಿ ಮುಗಿಸಿ ಹೊಸದನ್ನು ಬಿತ್ತುವ ಕಾಲ. ನಾನು ಓದಿ ಹೇಳಲು ಹೋದೆ, ಮರುದಿನವೂ ಹೋದೆ. ಬರೆದು ಓಡುವುದನ್ನೆಲ್ಲ ಟಿವಿಯೇ ಗಟ್ಟಿಯಾಗಿ ಒದರಿ ಹೇಳುತ್ತದೆ, ಅವರಿಗೆ ಎಲ್ಲ ವೇಳೆಯೂ ಬಾಯಿಪಾಠ ಇದೆ ಎಂಬುದು ನನಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ. ಅಷ್ಟರಲ್ಲಿ ಅವರ ಮನೆಯ ಚಾಪೆಯ ಮೇಲೆ ನನಗೊಂದು ಜಾಗ ಆಗಿಬಿಟ್ಟಿತ್ತು.

ಯಾವ ಹೊಸ ಧಾರಾವಾಹಿಯನ್ನೂ ಅವರು ನೋಡಿದ ಕೂಡಲೇ ಹೊಗಳುತ್ತಿರಲಿಲ್ಲ. "ಮೊದಲನೇ ವಾರ ಬೀಗರ ಊಟ ಇದ್ದಂಗ್ರಿ. ಎಲ್ಲಾ ಚೊಲೋನ ಇರ್ತೈತಿ. ಎರಡನೇ ವಾರ ನೋಡ್ರಿ, ಸಾರಿನ್ಯಾಗ ನೀರು" ಎನ್ನುತ್ತಿದ್ದರು. ಬಡವರ ಮನೆ ಎಂದು ತೋರಿಸಿದ್ದು ಗಿರಣಿ ಸಾಹೇಬರ ಬಂಗಲೆಗಿಂತ ದೊಡ್ಡದಿದ್ದರೆ ಅವರಿಗೆ ಸಿಟ್ಟು. ಮಲಗಿದವಳ ಮೈಮೇಲೆ ರೇಷ್ಮೆ ಸೀರೆ ಇದ್ದರೆ ಸಿಟ್ಟು. "ಈ ಮನ್ಯಾಗ ದಿನಾ ಹಬ್ಬದ ಅಡಗಿ ಆಗತೈತಿ, ಒಬ್ಬರರ ಭಾಂಡೆ ತಿಕ್ಕಿದ್ದು ಕಂಡೀರೇನು?" ಎಂದು ನನ್ನನ್ನು ಕೇಳುವರು. ಕೇಡಿನ ಅತ್ತೆ ತನ್ನ ಸಂಚನ್ನೆಲ್ಲ ತಾನೇ ಗಟ್ಟಿಯಾಗಿ ಹೇಳಿಕೊಳ್ಳುವಾಗ, ಬಾಗಿಲ ಹಿಂದೆ ನಿಂತವರಿಗೆ ಮಾತ್ರ ಏಕೆ ಕೇಳಿಸುವುದಿಲ್ಲ ಎಂದು ಪರದೆಗೇ ಬೈಯುವರು.

ಚಹಾಕ್ಕೆ ಬಂದ ಅವರ ಗಂಡ ಒಮ್ಮೆ ಅಂದರು, "ಆ ಡಬ್ಬಿಗೆ ಯಾಕ ಬೈತೀ? ಅದಕ್ಕ ಕೇಳಸ್ತೈತೇನು?"

"ನಿಮಗ ಬೈದ್ರೂ ಕೇಳಸಂಗಿಲ್ಲ. ಅದರಾಗ ಏನು ಫರಕ?" ಎಂದರು ಆಪಾ, ಕಣ್ಣು ತೆಗೆಯದೆ.

ನಿಜವಾದ ತೀರ್ಪು ಬುಟ್ಟಿಯಲ್ಲಿ ಇರುತ್ತಿತ್ತು. ಕಥೆ ಸಪ್ಪೆಯಾದಷ್ಟೂ ಉಗುರು ಚುರುಕಾಗುತ್ತಿತ್ತು. ಮುಗಿಯುವ ಹೊತ್ತಿಗೆ ಬುಟ್ಟಿಯ ಬೆಳ್ಳುಳ್ಳಿಯೆಲ್ಲ ಬೆಳ್ಳಗೆ ಸುಲಿದು ಕೂತಿದ್ದರೆ ಆ ಧಾರಾವಾಹಿ ಕೆಟ್ಟಿತೆಂದೇ ಲೆಕ್ಕ. ಒಳ್ಳೆಯದು ಬಂದ ದಿನ ಕೈ ನಿಂತುಬಿಡುತ್ತಿತ್ತು. ಗಡ್ಡೆಗಳು ಗಡ್ಡೆಗಳಾಗಿಯೇ ಉಳಿದು ಮರುದಿನ ಸಾರಿಗೆ ಬೆಳ್ಳುಳ್ಳಿ ಇರುತ್ತಿರಲಿಲ್ಲ. ಆಗ ಅವರು ಹೇಳುವ ದೊಡ್ಡ ಹೊಗಳಿಕೆ ಒಂದೇ: "ಇದು ನಡೀತೈತಿ."

ಅವರೂ ತಪ್ಪುತ್ತಿದ್ದರು. ಒಂದು ಧಾರಾವಾಹಿಯನ್ನು ನಡೀತೈತಿ ಎಂದರು, ಮುಂದೆ ಅದರಲ್ಲಿ ಇದ್ದಕ್ಕಿದ್ದಂತೆ ನಾಗಿಣಿ ಬಂತು. ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳುವವರಲ್ಲ. "ಹಾವಿಂದೇನು ತಪ್ಪೈತಿ ಪಾಪ" ಎಂದು ಮುಖ ಗಂಟು ಹಾಕಿಕೊಂಡೇ ಕೊನೆಯವರೆಗೆ ನೋಡಿದರು. ರಿಮೋಟು ಯಾರ ಕೈಗೂ ಕೊಡುತ್ತಿರಲಿಲ್ಲ. ನಡುವೆ ಕರೆಂಟು ಹೋದರೆ, ಮುಂದೆ ಏನಾಗುತ್ತದೆಂದು ಕತ್ತಲಲ್ಲೇ ತಾವೇ ಹೇಳಿ ಮುಗಿಸುವರು. ಮರುದಿನ ನೋಡಿದರೆ ಟಿವಿಯವರದು ಬೇರೆಯೇ ಇರುತ್ತಿತ್ತು. ಆಪಾನ ಕಥೆಯೇ ಚೆನ್ನಾಗಿತ್ತು ಎಂದು ನಿಮ್ಮ ತಾಯಿ ಹೇಳುತ್ತಿದ್ದಳು.

ಎಲ್ಲಕ್ಕಿಂತ ಹೆಚ್ಚಾಗಿ ಅವರು ನೋಡುತ್ತಿದ್ದದ್ದು ಕಥೆಯ ಸಣ್ಣ ಜನರನ್ನು. "ಹೀರೋಯಿನ್ ಜೋಡಿ ಎಲ್ಲಾರೂ ಚೊಲೋನ ಮಾತಾಡ್ತಾರ್ರಿ ವೈನಿ. ಮನಿ ಕೆಲಸದಾಕಿ ಜೋಡಿ ಹೆಂಗ ಮಾತಾಡ್ತಾರ ನೋಡ್ರಿ. ಆವಾಗ ಗೊತ್ತಾಗತೈತಿ ಆ ಮನಿ ಎಂಥಾದ್ದಂತ."

ಹೀಗೆ ಹೇಳಿ ಪ್ರತಿ ಸಲ ನನ್ನ ಕಡೆ ತಿರುಗುವರು. "ನಿಮಗ ಹೆಂಗ ಅನಸ್ತು?" ನಾನು "ಚೊಲೋ ಐತ್ರಿ" ಅನ್ನುವೆ. ಕೆಟ್ಟದ್ದಕ್ಕೂ ಚೊಲೋ, ಒಳ್ಳೆಯದಕ್ಕೂ ಚೊಲೋ. ಅವರು ಬಿಡುತ್ತಿರಲಿಲ್ಲ. ಮರುದಿನ ಮತ್ತೆ ಕೇಳುವರು.

ಒಂದು ಹೊಸ ಧಾರಾವಾಹಿಯಲ್ಲಿ ಮದುವೆಯ ಮನೆ ತೋರಿಸಿದರು. ವಿಧವೆ ಅಕ್ಕ ಬಿಳಿ ಸೀರೆ ಉಟ್ಟು ಕಂಬದ ಹಿಂದೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಾಳೆ. ನಾನು ತಲೆ ತಗ್ಗಿಸಿದೆ. ಆಪಾ ಚಾನೆಲ್ ಬದಲಿಸುತ್ತಾರೆಂದುಕೊಂಡೆ. ಬದಲಿಸಲಿಲ್ಲ. "ಏ, ಆಕಿಗೊಂದು ಕುರ್ಚಿ ಕೊಡ್ರೋ. ಆವಾಗಿಂದ ನಿಂತಾಳ" ಎಂದು ಪರದೆಗೆ ಹೇಳಿ, ನನ್ನ ಕಡೆ ತಿರುಗಿದರು. "ಖರೇ ಹೇಳ್ರಿ ವೈನಿ. ನಿಮಗ ಹೆಂಗ ಅನಸ್ತು?"

ನನ್ನ ಬಾಯಿಂದ ಹೇಗೆ ಬಂತೋ, "ಆಕಿ ಸೀರಿ ಭಾಳ ಬೆಳ್ಳಗೈತ್ರಿ ಆಪಾ. ಮನಿಗೆಲಸಾ ಮಾಡಾಕಿ ಸೀರಿ ಹಂಗ ಇರಂಗಿಲ್ಲ. ಅರಿಷಿಣ ಹತ್ತಿರತೈತಿ, ಮಸಿ ಹತ್ತಿರತೈತಿ" ಎಂದೆ.

ಅವರು ನಕ್ಕ ನಗುವಿಗೆ ಬುಟ್ಟಿ ಮಗುಚಿ ಬೆಳ್ಳುಳ್ಳಿಯೆಲ್ಲ ಚಾಪೆಯ ತುಂಬ ಹರಡಿತು. ಆರಿಸುತ್ತಲೇ ಅಂದರು, "ಇಷ್ಟ ದಿನಾ ಎಲ್ಲಿ ಮುಚ್ಚಿಟ್ಟಿದ್ರಿ ಈ ಬಾಯಿ?" ನಾನೂ ನಕ್ಕೆ. ಅವತ್ತು ಮನೆಗೆ ಬಂದು ಟಿವಿಯ ಮೇಲಿನ ಟವೆಲು ತೆಗೆದು ಒಗೆದು ಹಾಕಿದೆ.

ನಿಮ್ಮ ತಾಯಿಗೆ ವರ ನೋಡುವ ಕಾಲ ಬಂತು. ನಿಮ್ಮ ದೊಡ್ಡಜ್ಜ, ಎಂದರೆ ನನ್ನ ಗಂಡನ ಅಣ್ಣ, ತಂದೆಯ ಜಾಗದಲ್ಲಿ ನಿಂತು ಓಡಾಡಿದರು. ಆ ಉಪಕಾರವನ್ನು ನಾನು ಮರೆತಿಲ್ಲ. ಹಳಿಯಾಳದ ಕಡೆಯ ದೊಡ್ಡ ಮನೆತನವೊಂದನ್ನು ಹುಡುಕಿದರು. ಆ ಮನೆಯವರು ಬಂದು ಹುಡುಗಿಯನ್ನು ಒಪ್ಪಿ ಹೋದರು. ಇನ್ನು ನಮ್ಮವರು ಹೋಗಿ ಆ ಮನೆ ನೋಡುವುದು, ಸಕ್ಕರೆ ಹಂಚಿ ಮಾತು ಪಕ್ಕಾ ಮಾಡುವುದು. ಸಕ್ಕರೆ ಬಾಯಿಗೆ ಬಿದ್ದ ಮೇಲೆ ನಮ್ಮಲ್ಲಿ ಮಾತು ತಿರುಗುವುದಿಲ್ಲ. ವಿಧವೆಯಾದವಳು ಅಂಥ ಕಾರ್ಯಕ್ಕೆ ಹೋಗುವ ರೂಢಿ ಇರಲಿಲ್ಲ. ನನ್ನನ್ನು ಯಾರೂ ಕರೆಯಲಿಲ್ಲ, ಕರೆಯಲಿಲ್ಲವಲ್ಲ ಎಂದು ನನಗೂ ಅನ್ನಿಸಲಿಲ್ಲ.

"ಯಾರ್ಯಾರು ಹೊಂಟಾರ?" ಎಂದು ಆಪಾ ಕೇಳಿದರು.

"ನಮ್ಮ ಭಾವಾರು, ಊರಾಗಿನ ಹಿರ್ಯಾರು."

"ಗಂಡಸರು ಪಡಸಾಲ್ಯಾಗ ಕುಂತು, ಫಳಾರ ತಿಂದು ಬರ್ತಾರ. ಅದು ಮೊದಲನೇ ವಾರ ಆತು. ಒಳಗ ಯಾರು ನೋಡಾವರು?"

"ನಾ ಹೆಂಗ ಹೋಗ್ಲಿ ಆಪಾ? ಶುಭ ಕಾರ್ಯ."

ಅವರು ಬುಟ್ಟಿ ಕೆಳಗಿಟ್ಟರು. "ಸೀರಿಯಲ್‌ದಾಗಿನ ಹುಡುಗಿ ಯಾವ ಮನಿಗೆ ಬಿದ್ಲು ಅಂತ ಇಬ್ಬರೂ ಕುಂತು ಅಳತೇವಿ. ಈಕಿ ನಿಮ್ಮ ಹೊಟ್ಯಾಗ ಹುಟ್ಟಿದಾಕಿ. ಹೋಗ್ರಿ. ನೀರು ಬೇಕಂತ ಹೇಳಿ ಒಳಗ ಹೋಗ್ರಿ."

ಬೆಳಿಗ್ಗೆ ಜೀಪು ಬಂದಾಗ ನಾನೂ ಹತ್ತಿ ಕೂತೆ. ದೊಡ್ಡಜ್ಜ ನೋಡಿದರು. ಜೀಪು ಬಿಡಲು ಹೇಳಿದರು.

ಆ ಮನೆಯ ಪಡಸಾಲೆ ಚೆಂದವಿತ್ತು. ಅವಲಕ್ಕಿ, ಬೇಸನ್ ಉಂಡಿ ಬಂತು. ಹುಡುಗನ ತಾಯಿಯ ಮಾತು ಬೆಲ್ಲ. ನಾನು ನೀರು ಕುಡಿದ ಲೋಟವನ್ನು ಇಡುವ ನೆಪದಲ್ಲಿ ಅಡುಗೆಮನೆಯ ಬಾಗಿಲಿಗೆ ಹೋದೆ. ಒಳಗೆ ಹಿರಿಯ ಸೊಸೆ ಕಂಕುಳಲ್ಲಿ ಕೂಸು ಇಟ್ಟುಕೊಂಡು ಒಲೆಯ ಮುಂದೆ ನಿಂತಿದ್ದಳು. ಹುಡುಗನ ತಾಯಿಯೂ ಹಿಂದಿನ ಬಾಗಿಲಿಂದ ಒಳಗೆ ಬಂದು, ನಾನಿದ್ದದ್ದು ಕಾಣದೆ, ಸಣ್ಣ ದನಿಯಲ್ಲಿ ಅಂದರು, "ಅವಲಕ್ಕ್ಯಾಗ ಶೇಂಗಾ ಇಷ್ಟ್ಯಾಕ ಸುರವೀ? ನಿಮ್ಮಪ್ಪ ಕಳಿಸ್ಯಾನೇನು?" ಸೊಸೆ ತಿರುಗಿಯೂ ನೋಡಲಿಲ್ಲ. ಅವರು ಹೋದ ಮೇಲೆ ಮದುಮಗನಾಗಬೇಕಾದ ಹುಡುಗ ತಿಂದ ತಾಟು ಹಿಡಿದು ಬಂದ. ಫೋನು ನೋಡುತ್ತಲೇ ತಾಟನ್ನು ಮುಂದೆ ಚಾಚಿದ, ಅತ್ತಿಗೆ ಹಿಡಿದಳೋ ಇಲ್ಲವೋ ನೋಡದೆ ಕೈ ಬಿಟ್ಟ. ಅವಳು ಕೂಸನ್ನು ಒಂದು ಕೈಯಲ್ಲಿ ಅವಚಿಕೊಂಡು ಇನ್ನೊಂದು ಕೈಯಲ್ಲಿ ಅದನ್ನು ಗಾಳಿಯಲ್ಲೇ ಹಿಡಿದಳು. ಬಿಡುವುದು ಅವನಿಗೆ ರೂಢಿ, ಹಿಡಿಯುವುದು ಅವಳಿಗೆ ರೂಢಿ.

ಆಮೇಲೆ ನನ್ನನ್ನು ಕಂಡು, ಕೈಯೊಳಗಿನ ಲೋಟ ಇಸಿದುಕೊಂಡು ಅಂದಳು, "ಇಲ್ಲಿ ನಿಂದರಬ್ಯಾಡ್ರಿ. ನನಗ ಬೈತಾರ."

ಪಡಸಾಲೆಗೆ ಬರುವಷ್ಟರಲ್ಲಿ ಸಕ್ಕರೆಯ ತಟ್ಟೆ ಬಂದಿತ್ತು. "ಆತು ಹಂಗಾರ, ಬಾಯಿ ಸಿಹಿ ಮಾಡೂಣು" ಎಂದು ದೊಡ್ಡಜ್ಜ ಕೈ ಚಾಚಿದರು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಎಲ್ಲ ಗಂಡಸರು. ನಿಮಗ ಹೆಂಗ ಅನಸ್ತು ಎಂದು ಅಲ್ಲಿ ಯಾರೂ ನನ್ನನ್ನು ಕೇಳುವವರಿರಲಿಲ್ಲ. ಆದರೂ ಕೇಳಿದ ಹಾಗಾಯಿತು.

"ಭಾವಾರ, ಸಕ್ರಿ ಇವತ್ತ ಬ್ಯಾಡ್ರಿ. ನಾ ಇನ್ನೂ ವಿಚಾರ ಮಾಡಬೇಕು."

ಅಷ್ಟೇ ಹೇಳಿದ್ದು. ನನ್ನ ದನಿ ನನಗೇ ಬೇರೆಯವರದು ಅನ್ನಿಸಿತು. ಜೀಪಿನಲ್ಲಿ ದೊಡ್ಡಜ್ಜ ಕೇಳಿದರು, "ಏನು ಕಂಡಿ ಅಡಗಿಮನ್ಯಾಗ?"

"ತಾಟು ಕಂಡೆ ಭಾವಾರ." ಕಂಡದ್ದನ್ನು ಹೇಳಿದೆ.

"ತಾಟು ನೋಡಿ ಸಂಬಂಧಾ ಬಿಡ್ತಾರೇನವ್ವಾ? ಟೀವಿ ನೋಡಿ ನೋಡಿ ನಿನ್ನ ತಲಿ ಕೆಟ್ಟೈತಿ."

ಅವರ ಸಿಟ್ಟು ತಪ್ಪಲ್ಲ. ಹಿರಿಯರ ಮುಂದೆ ಅವರ ಮಾತು ಬಿದ್ದಿತ್ತು. ಸಂಜೆ ಆಪಾ ಕೇಳಿದ್ದು ಒಂದೇ, "ಒಳಗ ಹೋದ್ರೇನು?" ನಾನು ಹೇಳುತ್ತ ಹೋದೆ. ಹೇಳಿ ಮುಗಿಸಿ ನೋಡಿದರೆ ಅವರ ಉಗುರು ನಿಂತಲ್ಲೇ ನಿಂತಿತ್ತು. ಬುಟ್ಟಿಯಲ್ಲಿ ಒಂದು ಎಸಳೂ ಸುಲಿದಿರಲಿಲ್ಲ.

ಮುಂದೆ ಬಹಳ ದಿನ ಯಾರೂ ನಮ್ಮ ಮನೆಗೆ ಸಂಬಂಧ ತರಲಿಲ್ಲ. ತಾಯಿಯ ಬಾಯಿಯಿಂದ ಮಗಳು ಮನೆಯಲ್ಲಿ ಉಳಿಯುತ್ತಾಳೆಂದು ಓಣಿಯಲ್ಲಿ ಆಡಿಕೊಂಡರು. ನನಗೂ ಅದೇ ಭಯ. ನಿಮ್ಮ ತಾಯಿ ಮಾತ್ರ ದಿನದಂತೆ ನನ್ನ ಪಕ್ಕದಲ್ಲಿ ಕೂತು ರೊಟ್ಟಿಯ ಹಿಟ್ಟು ನಾದುತ್ತಿದ್ದಳು. ನಾನು ಅಳುವಂತಾದಾಗ ಆಪಾ ಸಮಾಧಾನ ಹೇಳುತ್ತಿರಲಿಲ್ಲ. "ಹೊಸಾ ಹಂಗಾಮ ಬಂದೇ ಬರತೈತಿ" ಎಂದು ಟಿವಿಯ ದನಿ ಏರಿಸುತ್ತಿದ್ದರು.

ಬಂತು. ಪಾಳಾ ಊರಿಂದ ಒಂದು ಸಂಬಂಧ ಬಂತು. ಈ ಸಲ ಆಪಾನನ್ನೂ ಕರೆದುಕೊಂಡು ಹೋದೆ. ಸಣ್ಣ ಮನೆ, ಪಡಸಾಲೆಯಲ್ಲೇ ಗೋವಿನಜೋಳದ ಚೀಲಗಳು. ಚಹಾ ಕುಡಿದಾದ ಮೇಲೆ ನಿಮ್ಮ ಪಾಳಾದ ಅಜ್ಜ, ಎಂದರೆ ನಿಮ್ಮ ಅಪ್ಪನ ತಂದೆ, ಮಳೆಯ ಮಾತಾಡುತ್ತಲೇ ಎದ್ದು, ತನ್ನ ಕಪ್ಪನ್ನೂ ಪಕ್ಕದವರ ಕಪ್ಪನ್ನೂ ಹೊರಗೆ ತೊಳೆದು, ಕಟ್ಟೆಯ ಮೇಲೆ ಬೋರಲು ಹಾಕಿ ಬಂದು, ಬಿಟ್ಟ ಮಾತನ್ನು ಮುಂದುವರಿಸಿದರು. ಆಪಾ ನನ್ನ ಮೊಣಕೈ ಚಿವುಟಿದರು. ಆ ಉಗುರಿನಿಂದಲೇ.

"ಅವರು ಕಪ್ಪು ತೊಳದದ್ದನ್ನ ಮನ್ಯಾಗ ಯಾರೂ ನೋಡಲಿಲ್ಲ ವೈನಿ. ಅಂದ್ರ ದಿನಾ ತೊಳೀತಾರ. ಇದು ನಡೀತೈತಿ."

ದೊಡ್ಡಜ್ಜ ಸಕ್ಕರೆಯ ತಟ್ಟೆ ಹಿಡಿದು ಮೊದಲು ನನ್ನ ಮುಂದೆಯೇ ಬಂದರು. "ಈಗರ ತೊಗೋತೀಯೇನವ್ವಾ, ಇನ್ನೂ ಅಡಗಿಮನಿ ನೋಡೂದೈತೋ?" ಎಂದರು. ತೆಗೆದುಕೊಂಡೆ.

ಕೊನೆಯ ವರ್ಷ ಆಪಾನಿಗೆ ಪರದೆ ಮಸುಕಾಯಿತು, ಬೆರಳು ನಡುಗಿ ಬೆಳ್ಳುಳ್ಳಿ ಜಾರುತ್ತಿತ್ತು. ಬುಟ್ಟಿ ನನ್ನ ಮಡಿಲಿಗೆ ಬಂತು. ಅವರು ಕಣ್ಣು ಮುಚ್ಚಿ ಒರಗಿ, "ಏನು ನಡೀಲಾಕತ್ತೈತಿ? ಹೆಂಗ ಅನಸ್ತು?" ಎಂದು ಕೇಳುವರು. ನಾನು ಹೇಳುವೆ. ಎಷ್ಟೋ ಸಲ ಟಿವಿಯಲ್ಲಿ ಇದ್ದದ್ದಕ್ಕಿಂತ ಸ್ವಲ್ಪ ಚೆನ್ನಾಗಿ ಮಾಡಿ ಹೇಳಿದ್ದೇನೆ. ಅದು ಅವರಿಗೆ ಗೊತ್ತಾಗುತ್ತಿತ್ತು. ತುಟಿಯಲ್ಲೇ ನಗುತ್ತಿದ್ದರು.

ಹೊಸ ಧಾರಾವಾಹಿಯೊಂದರ ಮೊದಲನೇ ವಾರ ಮುಗಿಯುವ ಮುಂಚೆ ಅವರು ಹೋದರು. ಆ ಮನೆಯಲ್ಲಿ ಒಲೆ ಹಚ್ಚದ ದಿನಗಳಲ್ಲಿ ರೊಟ್ಟಿ ನಾನೇ ಬಡಿದು ಕೊಟ್ಟೆ. ಕೆಲವು ವಾರಗಳ ಮೇಲೆ ನನ್ನನ್ನು ಖಾಲಾ, ಎಂದರೆ ಚಿಕ್ಕಮ್ಮ, ಎನ್ನುವ ಅವರ ಸೊಸೆ ಹಿತ್ತಲ ಗೋಡೆಯ ಮೇಲಿಂದ ಕರೆದಳು, "ಖಾಲಾ, ಟೀವಿ ಹಚ್ಚೇನಿ, ಬರ್ರಿ." ಹೋದೆ. ಬುಟ್ಟಿಯನ್ನು ನನ್ನ ಮುಂದಿಟ್ಟಳು. ಧಾರಾವಾಹಿ ಮುಗಿದಾಗ ಬುಟ್ಟಿಯ ತುಂಬ ಸುಲಿದ ಬೆಳ್ಳುಳ್ಳಿ.

"ಹೆಂಗ ಅನಸ್ತ್ರಿ ಖಾಲಾ?" ಎಂದಳು. ಅತ್ತೆಯ ಮಾತೇ ಅವಳ ಬಾಯಲ್ಲಿ ಬಂದಿತ್ತು.

"ಇದು ನಡಿಯೂದಿಲ್ಲವ್ವಾ" ಎಂದೆ.

ಮುಂದಿನ ರಜೆಗೆ ಬಂದಾಗ ದಿಂಬು ಬೇಕಾದರೆ ಎಸೆಯಿರಿ. ಸುಮ್ನ ಕುಂದ್ರ ಎಂದು ಮಾತ್ರ ಹೇಳಬೇಡಿ. ಆ ಒಂದು ದಿನ ನಾನು ಸುಮ್ಮನೆ ಕೂತಿದ್ದರೆ, ನಿಮ್ಮ ತಾಯಿ ಇವತ್ತಿಗೂ ಆ ಅಡುಗೆಮನೆಯಲ್ಲಿ ತಾಟು ಹಿಡಿಯುತ್ತ ನಿಂತಿರುತ್ತಿದ್ದಳು.